ಹನ್ನೊಂದನೇ ನಂಬರಿನವಳ ಮನೆ ರೊಟ್ಟಿ

2005ರ ಡಿಸೆಂಬರ್ ತಿಂಗಳ ಕೊನೆಯ ಶುಕ್ರವಾರ. ಅವತ್ತು ಎಳ್ಳಮವಾಸ್ಯೆ ಅನ್ನುವುದು ನನಗೆ ನೆನಪೇ ಇರಲಿಲ್ಲ. ನೆನಪಿದ್ದಿದ್ದರೆ ಸ್ವಲ್ಪ ಹುಷಾರಾಗಿರುತ್ತಿದ್ದೆ.

ನಾನಾಗ ಲಾಸ್ ಏಂಜಲೀಸಿನ ಒಂದು ಸಣ್ಣ ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಸಹಾಯಕ ಕೋಚ್. ಧಾರವಾಡದಲ್ಲಿ ಓದುವಾಗ ಯೂನಿವರ್ಸಿಟಿ ಟೀಮಿಗೆ ಆಡಿದವಳು. ಮದುವೆಯಾಗಿ ರೆಡೊಂಡೊ ಬೀಚಿಗೆ ಬಂದ ಮೇಲೆ, ಗಂಡ ಆಫೀಸಿಗೆ ಹೋದರೆ ಸಂಜೆವರೆಗೆ ಗೋಡೆ ನೋಡುತ್ತ ಕೂರುವವರ ಪೈಕಿ ನಾನಲ್ಲ. ಇಲ್ಲೇ ಮಾಸ್ಟರ್ಸ್ ಮಾಡಿ ಈ ಕೆಲಸ ಹಿಡಿದೆ. ಹೈಸ್ಕೂಲು ಪಂದ್ಯಗಳಿಗೆ ಹೋಗುವುದು, ಒಂದು ಮೂಲೆಯಲ್ಲಿ ಕೂತು ನಮ್ಮ ಕಾಲೇಜಿಗೆ ಯಾವ ಹುಡುಗಿ ಆದಾಳು ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುವುದು. "ಹೆಣ್ಣು ನೋಡೋ ಕೆಲಸ ಸಿಕ್ಕೇತಿ ನಿನಗ. ಉಪ್ಪಿಟ್ಟು, ಶಿರಾ ಒಂದ ಕಡಿಮಿ ನೋಡು" ಎಂದು ನನ್ನ ಗಂಡ ಚಾಷ್ಟಿ ಮಾಡುತ್ತಿದ್ದರು.

ನನಗೆ ಒಂದು ಸೊಕ್ಕಿದೆ, ಮೊದಲೇ ಹೇಳಿಬಿಡುತ್ತೇನೆ. ಆಟ ನೋಡಿದರೆ ಆಡುವವಳು ಎಂಥವಳು ಅಂತ ನನಗೆ ಗೊತ್ತಾಗುತ್ತದೆ. ಎತ್ತರ, ಪಾಯಿಂಟು ಎಲ್ಲ ಆಮೇಲೆ. ಇದರಲ್ಲಿ ನಾನು ತಪ್ಪಿದ್ದು ಕಡಿಮೆ.

ಆದರೆ ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಪಂದ್ಯ ನೋಡಲು ಹೋದಾಗ ನೋಡಬಹುದು, ಅಷ್ಟೇ. ಹುಡುಗಿಯ ಜೊತೆಯಾಗಲಿ ಅವಳ ಅಪ್ಪ ಅಮ್ಮನ ಜೊತೆಯಾಗಲಿ ಮಾತಿಗೆ ಕೂರುವಂತಿಲ್ಲ. ಎದುರಿಗೆ ಸಿಕ್ಕರೆ ಹಲೋ ಅಂದು ಮುಂದೆ ಹೋಗಬೇಕು. ಮೀರಿದರೆ ಆ ಹುಡುಗಿಯನ್ನು ತೆಗೆದುಕೊಳ್ಳುವ ಹಕ್ಕೇ ನಮ್ಮ ಕಾಲೇಜಿನ ಕೈತಪ್ಪಬಹುದು. ಇದಕ್ಕೆಂದೇ ಕೋಚುಗಳಿಗೆ ಒಂದು ಪರೀಕ್ಷೆ ಇಡುತ್ತಾರೆ. ನಾನು ಒಂದೂ ತಪ್ಪಿಲ್ಲದೆ ಪಾಸಾಗಿದ್ದೆ.

ಅವತ್ತು ಎರಡು ತಾಸು ಡ್ರೈವ್ ಮಾಡಿ ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊ ಕಡೆಯ ಒಂದು ಹೈಸ್ಕೂಲಿಗೆ ಹೋಗಿದ್ದೆ. ಆ ಶಾಲೆಯ ಕೋಚ್ ನಮಗೊಂದು ವಿಡಿಯೋ ಕಳಿಸಿದ್ದರು. ಅದರಲ್ಲಿದ್ದವಳು ಹನ್ನೊಂದನೇ ನಂಬರಿನ ನಿವೇದಿತಾ ಪಾಟೀಲ್, ಕೊನೆಯ ವರ್ಷದ ಹುಡುಗಿ. ಹೆಸರು ನೋಡಿ ನಮ್ಮ ಕಡೆಯವಳೋ ಮರಾಠಿಯವಳೋ ಅಂದುಕೊಂಡೆ, ಅಷ್ಟಕ್ಕೇ ಬಿಟ್ಟೆ.

ಹುಡುಗಿ ಕುಳ್ಳಿ. ಬಾಲು ಹಾಕುವುದರಲ್ಲಿ ಅಂಥ ದೊಡ್ಡ ಕೈಯೇನಲ್ಲ. ಆದರೆ ತಾನು ಹಾಕುವುದಕ್ಕಿಂತ ಹಾಕಿಸುವುದರಲ್ಲೇ ಅವಳಿಗೆ ಖುಷಿ. ಎರಡನೇ ಅರ್ಧದಲ್ಲಿ ಮೂವರ ಸಂದಿಯಿಂದ ಒಂದು ಪಾಸ್ ಕೊಟ್ಟಳು ನೋಡಿ, ನನಗೆ ತಡೆಯಲಾಗಲಿಲ್ಲ. "ಶಾಬ್ಬಾಸ್ ನನ್ನ ಮಗಳ!" ಅಂತ ಕೂಗಿಬಿಟ್ಟೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸು ಗಿರಕ್ಕನೆ ತಿರುಗಿದರು. ಹಣೆಯ ಮೇಲೆ ಕಾಸಗಲ ಕುಂಕುಮ, ಮೈಮೇಲೆ ಶಾಲೆಯ ಹೆಸರಿದ್ದ ಟೀ ಶರ್ಟ್.

"ಕನ್ನಡದವರೇನ್ರಿ? ಯಾ ಊರು?"

"ಧಾರವಾಡರಿ" ಅಂದೆ.

"ಧಾರವಾಡದಾಗ ಎಲ್ಲೆ?"

"ಹೊಸಯಲ್ಲಾಪುರ."

"ಅಯ್ಯ ನನ್ನವ್ವ! ನನ್ನ ತವರಮನಿನೂ ಅಲ್ಲೇ ಐತಿ!" ಎಂದು ಎದ್ದು ಬಂದು ನನ್ನ ಪಕ್ಕದಲ್ಲೇ ಕೂತರು. "ನಾ ಗಿರಿಜಾ. ಈಗ ಪಾಸ್ ಕೊಟ್ಟಾಕಿ ನನ್ನ ಮಗಳು."

"ಅಕ್ಕಾರ, ನಾ ಕಾಲೇಜಿನಾಕಿ. ಆಟ ನೋಡಾಕ ಬಂದೀನಿ. ನಿಮ್ಮ ಜೋಡಿ ಮಾತಾಡಂಗಿಲ್ರಿ" ಅಂದೆ.

"ಯಾಕ ಮಾತಾಡಂಗಿಲ್ಲ? ನಾವೇನು ಜಗಳ ಆಡೇವೇನು?"

"ರೂಲ್ ಐತ್ರಿ."

"ಆಟದ ಸುದ್ದಿ ಬ್ಯಾಡ ಬಿಡು ಹಂಗಾರ. ಇವತ್ತ ಎಳ್ಳಮವಾಸಿ. ಭಜ್ಜಿ, ಶೇಂಗಾ ಹೋಳಿಗಿ ಎಲ್ಲಾ ಮಾಡೀನಿ, ಸಜ್ಜಿ ರೊಟ್ಟಿ ಬಿಸಿ ಬಿಸಿ ಬಡದು ಕೊಡ್ತೀನಿ. ನಮ್ಮ ಮನಿಯವರು ಕೆಲಸದ ಮ್ಯಾಲ ಊರಿಗೆ ಹೋಗ್ಯಾರ, ಮಗಳು ಎರಡು ರೊಟ್ಟಿ ಉಂಡು ಕೈ ತೊಳೀತಾಳ. ತವರ ಕಡಿ ಹೆಣ್ಣಮಗಳು ಇಲ್ಲೀತನ ಬಂದಾಳ, ಹಂಗ ಹೋಗಗೊಡ್ತೀನೇನು?"

ಈಗ ಯೋಚಿಸಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಅಷ್ಟು ಬುದ್ಧಿವಂತೆ ಅನ್ನಿಸಿಕೊಂಡ ನಾನು ಆ ಕ್ಷಣದಲ್ಲಿ ನನ್ನ ತಲೆಯೊಳಗೇ ಒಂದು ವಾದ ಕಟ್ಟಿದೆ. ನಿಯಮ ಇರುವುದು ಕೋಚ್ ಬಂದು ಆಸೆ ತೋರಿಸಬಾರದು ಅಂತ. ನಾನು ಕೋಚ್ ಆಗಿ ಹೋಗುತ್ತಿಲ್ಲವಲ್ಲ, ತಂಗಿಯಾಗಿ ಹೋಗುತ್ತೇನೆ. ಆಟದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಊಟ ಬೇರೆ, ಆಟ ಬೇರೆ. ಮೂರು ವರ್ಷದಿಂದ ಬಿಸಿ ರೊಟ್ಟಿ ಕಾಣದ ಹೊಟ್ಟೆಯೂ ಹೌದು ಹೌದು ಅಂದಿತು.

ಆಟ ಮುಗಿದ ಮೇಲೆ ಅಕ್ಕನ ಹಿಂದೆಯೇ ಹೋದೆ. ಅವರ ಮನೆ ಐದು ನಿಮಿಷದ ಹಾದಿ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಕೂತಾಗ ನನಗೆ ಕಣ್ಣಲ್ಲಿ ನೀರೇ ಬಂತು. ನಾಲ್ಕು ರೊಟ್ಟಿ ಉಂಡೆ. ಕೊಟ್ಟ ಮಾತಿನಂತೆ ಇಬ್ಬರೂ ಆಟದ ಸುದ್ದಿ ಎತ್ತಲಿಲ್ಲ. ಹೊಸಯಲ್ಲಾಪುರದ ಓಣಿ, ಕೆರೆ, ಯಾರ ಮನೆ ಪೇಡೆ ಚಲೋ, ಇದೇ ಮಾತು.

ಕೈ ತೊಳೆದು ಹೊರಡಲು ಎದ್ದೆ. "ಶುಕ್ರವಾರ ಮುತ್ತೈದಿ ಬರೀ ಉಡಿಲೆ ಹೋಗಬಾರದು" ಎಂದು ಗಿರಿಜಕ್ಕ ದೇವರ ಮುಂದಿನಿಂದ ತಟ್ಟೆ ತಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಮೇಲೊಂದು ಕುಪ್ಪಸದ ಹಸಿರು ಖಣ. ಟ್ರ್ಯಾಕ್ ಪ್ಯಾಂಟು ಹಾಕಿದವಳಿಗೆ ಸೆರಗು ಎಲ್ಲಿಂದ ಬರಬೇಕು? ಕಾಲೇಜಿನ ಹೆಸರಿದ್ದ ನನ್ನ ಜಾಕೆಟ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ. ಉಡಿ ತುಂಬುವಾಗ ಮಡಿಲಿಗೆ ಐದು ಹಿಡಿ ಅಕ್ಕಿ ಹಾಕಬೇಕು. ಅಕ್ಕ ಒಂದು ಹಿಡಿ ಹಾಕಿದರು. ಎರಡನೆಯದು ಹಾಕಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಟೀಮಿನವರ ಜೊತೆ ಹಿಂದೆ ಉಳಿದಿದ್ದ ನಿವೇದಿತಾ ಬ್ಯಾಗು ಹೊತ್ತು ಒಳಗೆ ಬಂದಳು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ಜಾಕೆಟ್ಟಿನ ಮೇಲಿನ ಹೆಸರು ಓದಿದಳು.

"ಮಾಮ್, ವಾಟ್ ಡಿಡ್ ಯು ಡೂ? ಷೀ ಈಸ್ ಎ ಕಾಲೇಜ್ ಕೋಚ್!"

"ಗೊತ್ತೈತಿ. ಊಟಕ್ಕ ಕರದೀನಿ, ತಪ್ಪೇನಾತು?"

ಹುಡುಗಿ ಅಡುಗೆಮನೆಗೆ ಓಡಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಒಂದು ಕಾಗದ ಕಿತ್ತು ತಂದಳು. ಶಾಲೆಯ ಕೋಚ್ ಎಲ್ಲ ಅಪ್ಪ ಅಮ್ಮಂದಿರಿಗೂ ಕೊಟ್ಟ ನಿಯಮಗಳ ಪಟ್ಟಿ. ಅದರ ಮೇಲೆ ಕಿರಾಣಿ ಲಿಸ್ಟ್ ಅಂಟಿಸಿದ್ದರು ನಮ್ಮ ಅಕ್ಕ. ಹುಡುಗಿ ಅದನ್ನು ಅಮ್ಮನಿಗೆ ಓದಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಮೆಲ್ಲಗೆ, "ಈ ವರ್ಷ ನನ್ನನ್ನು ನೋಡೋಕೆ ಬಂದ ಕಾಲೇಜು ನಿಮ್ಮದೊಂದೇ" ಅಂದಳು.

ಅಷ್ಟು ಸಾಕಾಯಿತು ನನಗೆ. ಹದಿನೇಳರ ಹುಡುಗಿಗೆ ತಿಳಿದದ್ದು, ಪರೀಕ್ಷೆ ಪಾಸಾದ ನನಗೆ ತಿಳಿಯಲಿಲ್ಲ. ಛೀ, ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು.

ಜಾಕೆಟ್ಟಿನಲ್ಲಿದ್ದ ಎರಡು ಹಿಡಿ ಅಕ್ಕಿಯನ್ನು ತಿರುಗಿ ತಟ್ಟೆಗೆ ಸುರಿದೆ. ಹಾಗೆ ಮಾಡಬಾರದು, ಗೊತ್ತು. ಗಿರಿಜಕ್ಕ ತಟ್ಟೆ ಹಿಡಿದು ಹಾಗೇ ನಿಂತಿದ್ದರು. "ನನ್ನಿಂದ ಮಗಳಿಗೆ ಕುತ್ತು ಬಂತೇನವ್ವಾ?" ಅಂದರು. ನಾನು ಶೂ ಹಾಕಿಕೊಂಡು ಹೊರಗೆ ಬಂದೆ.

ಕಾರಿನಲ್ಲಿ ಕೂತೆ, ಸ್ಟಾರ್ಟ್ ಮಾಡಲಿಲ್ಲ. ಗೊತ್ತಿರುವುದು ನಮ್ಮ ಮೂವರಿಗೆ. ಮೂವರೂ ಬಾಯಿ ಬಿಡುವುದಿಲ್ಲ. ಸುಮ್ಮನಿದ್ದರೆ ಹುಡುಗಿ ನನ್ನ ಮಾತಿನ ಮೇಲೆ ಸೀದಾ ಕಾಲೇಜಿಗೆ ಬರುತ್ತಾಳೆ. ಹೇಳಿದರೆ ಇವತ್ತೇ ಅವಳ ಕಥೆ ಮುಗಿಯಬಹುದು. ಆದರೆ ಸುಮ್ಮನಿದ್ದು, ಮುಂದೆಂದೋ ಯಾರಿಗೋ ತಿಳಿದರೆ? ಆಗ ಟೀಮಿನಿಂದ ಎತ್ತಿ ಹೊರಗೆ ಹಾಕುವುದು ಅವಳನ್ನು. ತಪ್ಪು ಮಾಡಿದ್ದು ನಾನು, ಬಚ್ಚಿಟ್ಟುಕೊಂಡು ನಾಲ್ಕು ವರ್ಷ ಆಡಬೇಕಾದದ್ದು ಆ ಕೂಸು. ಇದು ನನ್ನಿಂದ ಆಗಲಿಲ್ಲ. ಅಲ್ಲಿಂದಲೇ ನಮ್ಮ ಹೆಡ್ ಕೋಚ್ ಡೋನಾಗೆ ಫೋನ್ ಮಾಡಿದೆ.

ಡೋನಾ ಅರವತ್ತರ ಹೆಂಗಸು. ಮೂವತ್ತು ವರ್ಷ ಇದೇ ಕೆಲಸ ಮಾಡಿದವರು, ನಗುವುದು ವರ್ಷಕ್ಕೆ ಎರಡು ಸಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಎಷ್ಟು ತಿಂದೆ?"

"ನಾಲ್ಕು ರೊಟ್ಟಿ, ಒಂದು ಹೋಳಿಗೆ."

"ನಾಲ್ಕು?"

"ಹೌದು."

"ಎಲ್ಲಾ ಬರೆದು ಕೊಡು. ಒಂದೂ ಬಿಡಬೇಡ. ನಿನ್ನ ಕಣ್ಣನ್ನ ನಾನು ನಂಬ್ತೀನಿ. ಆದರೆ ಈ ಹುಡುಗಿ ವಿಷಯದಲ್ಲಿ ಇನ್ನು ನಿನ್ನ ಬಾಯಿ ಬಂದ್. ಒಳ್ಳೇದೂ ಹೇಳಬಾರದು, ಕೆಟ್ಟದ್ದೂ ಹೇಳಬಾರದು."

ಬರೆದುಕೊಟ್ಟೆ. ಊಟದ ಕೊನೆಗೆ ಕುಡಿದ ಮಜ್ಜಿಗೆಯನ್ನೂ ಸೇರಿಸಿ. ಆ ಸೀಸನ್ ಪೂರ್ತಿ ನಾನು ಹೊರಗೆ ಪಂದ್ಯ ನೋಡಲು ಹೋಗುವಂತಿಲ್ಲ ಎಂದಾಯಿತು. ಅವತ್ತಿನ ಆಟ ನೋಡಿ ನಾನು ಬರೆದುಕೊಂಡಿದ್ದ ನೋಟ್‌ಬುಕ್ಕನ್ನು ಡೋನಾ ತಮ್ಮ ಡ್ರಾಯರಿನಲ್ಲಿ ಹಾಕಿ ಕೀಲಿ ಹಾಕಿದರು. ಆರು ವಾರವಾದ ಮೇಲೆ, ಈ ನಿಯಮ ನೋಡಿಕೊಳ್ಳುವ ಮೇಲಿನವರಿಂದ ಕಾಗದ ಬಂತು. ತಪ್ಪು ಕೋಚಿನದು, ಹುಡುಗಿಯದಲ್ಲ, ಆದರೆ ಅವಳನ್ನು ಬೇರೆಯವರು ಹೊಸದಾಗಿ ನೋಡಿ ತೀರ್ಮಾನಿಸಬೇಕು ಅಂತ. ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಆದರೆ ನೋಡುವವರು ಡೋನಾ. ಅವರಿಗೆ ಬೇಕಾದದ್ದು ಎತ್ತರ. ಹೋದ ವರ್ಷ ಇವಳಿಗಿಂತ ಎತ್ತರದ ಮೂವರನ್ನು ಅವರು ಬೇಡ ಅಂದಿದ್ದರು.

ಫೆಬ್ರವರಿಯಲ್ಲಿ ಒಂದು ಸಂಜೆ ಡೋನಾ ಒಬ್ಬರೇ ಸ್ಯಾನ್ ಡಿಯಾಗೋಗೆ ಹೋದರು. ಮರುದಿನ ಬೆಳಿಗ್ಗೆ ಆಫೀಸಿಗೆ ಬಂದು ಕಾಫಿ ಇಟ್ಟುಕೊಂಡು ಕೂತರು. ನಾನು ಎದುರಿಗೆ ಉಗುರು ಕಚ್ಚುತ್ತ ಕೂತೆ.

"ಸೋತರು. ನಿನ್ನ ಹುಡುಗಿ ಆರು ಸಲ ಹಾಕಿದಳು, ಒಂದು ಒಳಗೆ ಹೋಯಿತು" ಅಂದರು.

ಬಾಯಿ ಬಿಡುವಂತಿಲ್ಲ. ಅವರು ತಪ್ಪು ಜಾಗ ನೋಡುತ್ತಿದ್ದಾರೆ, ಬಾಲ್ ನೋಡಬೇಡಿ ಮಾರಾಯ್ತಿ, ಹುಡುಗಿಯನ್ನು ನೋಡಿ ಅಂತ ಗಂಟಲವರೆಗೆ ಬಂತು. ನುಂಗಿದೆ. ಜೀವನದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು, ಬೇಕಾದರೆ ನನ್ನ ಗಂಡನನ್ನು ಕೇಳಿ.

ಡೋನಾ ಕಾಫಿ ಕುಡಿದರು. "ಐದನೇ ಫೌಲ್ ಆಗಿ ಹೊರಗೆ ಬಂದಳು. ಇನ್ನೂ ಆರು ನಿಮಿಷದ ಆಟ ಇತ್ತು. ಉಳಿದ ಮಕ್ಕಳಾದರೆ ಟವೆಲ್ಲು ತಲೆ ಮೇಲೆ ಹಾಕಿಕೊಂಡು ಅಳ್ತಾ ಕೂರ್ತಾರೆ. ಇವಳು ತನ್ನ ಬದಲು ಹೋಗೋ ಹುಡುಗಿ ಮುಂದೆ ಮಂಡಿಯೂರಿ, ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಬೆರಳಲ್ಲಿ ತೋರಿಸಿದಳು. ಆಮೇಲೆ ಆರು ನಿಮಿಷ ಕೂರಲೇ ಇಲ್ಲ, ನಿಂತೇ ಅವಳಿಗೆ ಹೇಳಿಕೊಟ್ಟಳು." ಅಷ್ಟು ಹೇಳಿ ಡ್ರಾಯರಿನ ಕೀಲಿ ತೆಗೆದು ನನ್ನ ನೋಟ್‌ಬುಕ್ಕು ಮೇಜಿನ ಮೇಲೆ ಹಾಕಿದರು. "ಅವಳಿಗೆ ಹೂಂ ಅಂತ ನಾನು ರಾತ್ರಿನೇ ಬರೆದಾಗಿದೆ. ಈಗ ಓದು. ನೀನು ಏನು ಬರೆದಿದ್ದೆ ನೋಡೋಣ."

ನಾನು ಬರೆದುಕೊಳ್ಳುವುದು ಕನ್ನಡದಲ್ಲಿ, ಅವರಿಗೆ ಓದಲು ಬರುತ್ತಿರಲಿಲ್ಲ. ಓದಿದೆ. "ಹನ್ನೊಂದು. ಕುಳ್ಳಿ. ಶಾಟ್ ಸುಮಾರು. ಹೊರಗೆ ಕೂತಾಗಲೂ ಆಟದ ಒಳಗೇ ಇರ್ತಾಳೆ. ಬಿಡಬಾರದು." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಡೋನಾ ಆ ವರ್ಷದ ಎರಡು ನಗುವಿನಲ್ಲಿ ಒಂದನ್ನು ನಕ್ಕರು.

2006ರ ನವೆಂಬರಿನಲ್ಲಿ ನಮ್ಮ ಕಾಲೇಜಿನಲ್ಲಿ ಸೀಸನ್ನಿನ ಮೊದಲ ಪಂದ್ಯ. ನಿವೇದಿತಾಗೆ ಇಲ್ಲೂ ಹನ್ನೊಂದೇ ಸಿಕ್ಕಿತ್ತು. ಆಟ ಶುರುವಾಗಲು ಇನ್ನೂ ಹೊತ್ತಿತ್ತು. ಹೊರಗೆ ಬಂದರೆ ಬಾಗಿಲ ಹತ್ತಿರ ಗಿರಿಜಕ್ಕ ನಿಂತಿದ್ದರು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ಈಗ ರೂಲ್ ಐತೇನು ತಂಗಿ?" ಅಂದರು.

ಒಮ್ಮೆ ಕೈ ಸುಟ್ಟುಕೊಂಡವಳು ನಾನು. "ತಡೀರಿ ಅಕ್ಕಾರ" ಎಂದು ಒಳಗೆ ಓಡಿ ಡೋನಾರನ್ನು ಕರೆತಂದೆ. ಅವರು ಬಟ್ಟೆ ಸರಿಸಿ ನೋಡಿದರು. "ಅಕ್ಕಿ, ಕೊಬ್ಬರಿ, ಒಂದು ತುಂಡು ಬಟ್ಟೆ. ತಗೋ. ಬೇಗ ಮುಗಿಸು, ವಾರ್ಮ್ ಅಪ್ ಇದೆ" ಎಂದು ಗೋಡೆಗೆ ಒರಗಿ ಅಲ್ಲೇ ನಿಂತರು.

ಜಾಕೆಟ್ಟಿನ ಅಂಚು ಹಿಡಿದು ಒಡ್ಡಿದೆ. ಗಿರಿಜಕ್ಕ ಕುಂಕುಮ ಹಚ್ಚಿ, ಖಣ ಇಟ್ಟರು. ಅದೇ ಹಸಿರು ಖಣ. ಇಷ್ಟು ದಿನವೂ ದೇವರ ಮುಂದೆಯೇ ಇಟ್ಟಿದ್ದರಂತೆ. ಆಮೇಲೆ ಅಕ್ಕಿ ಹಾಕಿದರು. ಒಂದು ಹಿಡಿ, ಎರಡು ಹಿಡಿ, ಮೂರು ಹಿಡಿ. ಅಲ್ಲಿಗೆ ಕೈ ಒರೆಸಿಕೊಂಡರು.

"ಐದು ಹಾಕಬೇಕಲ್ರಿ ಅಕ್ಕಾರ?" ಅಂದೆ.

"ಎರಡು ಅವತ್ತ ಹಾಕೀನಲ್ಲವ್ವಾ" ಅಂದರು ಗಿರಿಜಕ್ಕ. "ನೀ ತಿರುಗಿ ಕೊಟ್ರ ಏನಾತು, ನಾ ಹಾಕಿದ್ದು ಹಾಕಿದ್ದ."

ಆ ಮೇಲೆ ಎಷ್ಟೋ ಹುಡುಗಿಯರನ್ನು ನೋಡಿ ಬರೆದುಕೊಂಡು ಬಂದಿದ್ದೇನೆ. ನನ್ನ ಸೊಕ್ಕು ಹೋಗಿಲ್ಲ, ಕಣ್ಣೂ ತಪ್ಪಿಲ್ಲ. ಆದರೆ ಯಾರದೇ ಪಂದ್ಯಕ್ಕೆ ಹೋಗುವಾಗ ಈಗಲೂ ಮನೆಯಿಂದ ಎರಡು ರೊಟ್ಟಿ ಕಟ್ಟಿಕೊಂಡು ಹೋಗಿ, ಕಾರಿನಲ್ಲೇ ಹೊಟ್ಟೆ ತುಂಬ ಉಂಡು, ಆಮೇಲೆ ಒಳಗೆ ಹೋಗುತ್ತೇನೆ. ಆ ಹಸಿರು ಖಣ ಮಾತ್ರ ಇನ್ನೂ ಹೊಲಿಸಿಲ್ಲ. ನನ್ನ ಡ್ರಾಯರಿನಲ್ಲಿ, ಆ ನೋಟ್‌ಬುಕ್ಕಿನ ಮೇಲೆ ಇದೆ.