ಗಾಳಿಯಪ್ಪನ ಹೆಂಡತಿ ನೀರಿಗಿಳಿದದ್ದು

ಈಜುಕೊಳದಲ್ಲಿ ಅವಳನ್ನು ಎಲ್ಲರೂ ಒದ್ದೆಯಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದಲ್ಲಿ ಅವಳ ಕೈ ಒಣಗಿದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಕೊಳದ ಸುತ್ತಲಿನ ಕಲ್ಲುಹಾಸು ತಿಕ್ಕಬೇಕು, ಹೆಂಗಸರು ಬಟ್ಟೆ ಬದಲಿಸುವ ಕೋಣೆ ತೊಳೆಯಬೇಕು. ಮಧ್ಯಾಹ್ನದ ಕೆಲಸ ಬೇರೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳದಲ್ಲಿ ಉಸಿರಾಡುವ ಸ್ಕೂಬಾ ವಿದ್ಯೆ ಕಲಿಯಲು ಬರುತ್ತಿದ್ದರಲ್ಲ, ಅವರು ಬಿಚ್ಚಿ ಬಿಸಾಡಿದ ರಬ್ಬರ್ ಅಂಗಿಗಳನ್ನು ತೊಟ್ಟಿಯಲ್ಲಿ ಅದ್ದಿ, ಒಳಮಗ್ಗುಲು ಹೊರಗೆ ಮಾಡಿ, ನೆರಳಿನಲ್ಲಿ ಹರವಬೇಕು. ಇಪ್ಪತ್ತು ಜನ ಬೆವರಿದ ರಬ್ಬರಿನ ನಾತ ಎಂಥದೆಂದು ತೊಳೆದವರಿಗೇ ಗೊತ್ತು.

ಅವಳ ಗಂಡ ಅದೇ ಕೊಳದ ಹಿಂಬದಿಯ ತಗಡಿನ ಕೋಣೆಯಲ್ಲಿ ಸಿಲಿಂಡರ್‌ಗಳಿಗೆ ಗಾಳಿ ತುಂಬುವವನು. ಇಪ್ಪತ್ತೆರಡು ವರ್ಷ ಅದೊಂದೇ ಕೆಲಸ ಮಾಡಿದ್ದಕ್ಕೆ ಗಾಳಿಯಪ್ಪ ಎಂದು ಹೆಸರು ಬಿದ್ದಿತ್ತು. ಮಾತು ಕಡಿಮೆ. ಕಂಪ್ರೆಸರಿನ ಗದ್ದಲದಲ್ಲಿ ಮಾತಾಡಿ ಪ್ರಯೋಜನವೂ ಇರಲಿಲ್ಲ. ಒಂದೊಂದು ಸಿಲಿಂಡರ್ ತುಂಬಿದಾಗಲೂ ಅಂಗೈಯಿಟ್ಟು ಬಿಸಿ ನೋಡುವನು, ಕಿವಿಯಿಟ್ಟು ಸೋರುತ್ತಿದೆಯೇ ಎಂದು ಆಲಿಸುವನು, ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎಂದು ಎರಡು ಸಲ ನೋಡುವನು. ಆಮೇಲೆ ಅದರ ಹೆಗಲ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು. ಮಕ್ಕಳಿಲ್ಲದ ಮನುಷ್ಯ, ಸಿಲಿಂಡರ್‌ಗಳನ್ನೇ ಸ್ನಾನ ಮಾಡಿಸಿ, ತಲೆ ಒರೆಸಿ, ಸಾಲಾಗಿ ಮಲಗಿಸಿದಂತೆ ಇಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ, ಕಲಿಯಲು ಬಂದಿದ್ದ ಒಬ್ಬ ಬ್ಯಾಂಕ್ ಗುಮಾಸ್ತ ಹದಿನಾರು ಅಡಿಯ ತಳದಲ್ಲಿ ಉಸಿರು ಸಿಗದೆ ಒದ್ದಾಡಿ, ನೀರು ಕುಡಿದು, ತುಟಿ ನೀಲಿಯಾಗಿ ಮೇಲೆ ಬಂದ. ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ. ಅವನನ್ನು ಕಲ್ಲುಹಾಸಿನ ಮೇಲೆ ಮಲಗಿಸಿ ಕಲಿಸುವ ಮೇಷ್ಟ್ರು ಮಾಡಿದ ಮೊದಲ ಕೆಲಸವೆಂದರೆ ಅವನ ಸಿಲಿಂಡರ್ ಬಿಚ್ಚಿದ್ದು. ಅದರ ವಾಲ್ವ್ ಮೇಲೆ ಕೈಯಾಡಿಸಿದ. ಆಮೇಲೆ ಎದೆಯುಬ್ಬಿಸಿ ಕೂಗಿದ:

"ಯಾವನೋ ಇದಕ್ಕೆ ಗಾಳಿ ತುಂಬಿದ್ದು?"

ಆ ಮೇಷ್ಟ್ರನ್ನು ಹಿಂದಿನಿಂದ ಎಲ್ಲರೂ ತಿಮಿಂಗಿಲ ಎನ್ನುತ್ತಿದ್ದರು. ಹೊಟ್ಟೆಯೂ ಹಾಗೇ ಇತ್ತು, ಬಾಯಿಯೂ ಹಾಗೇ ಇತ್ತು. ಕೊಳದ ಮಾಲೀಕಮ್ಮ ಕೆಟ್ಟವಳಲ್ಲ, ಆದರೆ ನೀರಿಗೆ ಕಾಲಿಟ್ಟವಳಲ್ಲ. ಗಾಳಿಯೇನು ಕಣ್ಣಿಗೆ ಕಾಣುವ ವಸ್ತುವೇ? ಸಿಲಿಂಡರಿನಲ್ಲಿ ಗಾಳಿಯೇ ಸಾಲದಿತ್ತು ಎಂದ ಬಾಯಿದ್ದವನ ಮಾತನ್ನು ಮೀಟರ್ ನೋಡದೆ ನಂಬಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತು. ಗಾಳಿಯಪ್ಪ ಮನೆ ಸೇರಿದ. ಬಾಗಿಲ ಪಕ್ಕದ ಗಾಜಿನ ಫಲಕದೊಳಗೆ ಅಚ್ಚಾದ ಕಾಗದವೊಂದು ಬಂತು: ಗಾಳಿ ತುಂಬುವವನ ಅಜಾಗರೂಕತೆಯಿಂದ ನಡೆದ ಅವಘಡಕ್ಕೆ ವಿಷಾದಿಸುತ್ತೇವೆ, ಆತನನ್ನು ಕೆಲಸದಿಂದ ತೆಗೆಯಲಾಗಿದೆ.

ಆ ಗಾಜನ್ನು ದಿನಾ ಬೆಳಿಗ್ಗೆ ಒರೆಸುವ ಕೆಲಸ ಒದ್ದೆಯಕ್ಕನದೇ. ಓದು ಅಷ್ಟಕ್ಕಷ್ಟೇ ಆದರೂ ಆ ಎರಡು ಸಾಲು ಅವಳಿಗೆ ಬಾಯಿಪಾಠವಾಯಿತು. ಒರೆಸುತ್ತಿದ್ದಳು, ಹಲ್ಲು ಕಚ್ಚುತ್ತಿದ್ದಳು.

ಕೆಲಸ ಹೋದದ್ದನ್ನಾದರೂ ನುಂಗಿಕೊಳ್ಳಬಹುದಿತ್ತು. ಗಂಡ ತನ್ನನ್ನೇ ಅನುಮಾನಿಸತೊಡಗಿದನಲ್ಲ, ಅದನ್ನು ನುಂಗಲು ಆಗಲಿಲ್ಲ. ಸಂಜೆ ಅವಳು ಕೆಲಸದಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಕಿಟಕಿಯ ಬಳಿಯ ಕುರ್ಚಿಯಿಂದ ಅದೇ ಪ್ರಶ್ನೆ ಬರುತ್ತಿತ್ತು.

"ಅವತ್ತು ನಾನು ಮುಳ್ಳು ನೋಡಿದ್ದೆ ಅಲ್ವೇನೇ?"

"ನೋಡಿದ್ರಿ."

"ನೀನು ಅಲ್ಲಿದ್ಯಾ?"

"ಇರ್ಲಿಲ್ಲ."

"ಮತ್ತೆ ನಿಂಗೆ ಹೇಗೆ ಗೊತ್ತು?"

ಗಂಡನ ಹೆಬ್ಬೆರಳು ತೋರುಬೆರಳು ಕುರ್ಚಿಯ ತೋಳಿನ ಮೇಲೆ ಇಲ್ಲದ ವಾಲ್ವ್ ಒಂದನ್ನು ತಿರುಗಿಸುತ್ತಲೇ ಇರುತ್ತಿದ್ದವು. ಅದನ್ನು ನೋಡುತ್ತ ಅವಳು ಹಿಟ್ಟು ಕಲೆಸುತ್ತಿದ್ದಳು. ಆ ಹಿಟ್ಟು ತಿಮಿಂಗಿಲದ ಕತ್ತಾಗಿದ್ದರೆ ಎಂದುಕೊಂಡು ಇನ್ನೂ ಎರಡು ಗುದ್ದು ಹೆಚ್ಚಿಗೆ ಹಾಕುತ್ತಿದ್ದಳು.

ನಾಲ್ಕು ತಿಂಗಳು ಕಳೆದ ಮೇಲೆ ಮಾಲೀಕಮ್ಮನೆದುರು ಹೋಗಿ ನಿಂತಳು. ಕಲಿಯಲು ಬರುವ ಹೆಂಗಸರಿಗೆ ನೀರಡಿಯಲ್ಲಿ ಕೈ ಹಿಡಿಯಲು ಒಬ್ಬ ಹೆಂಗಸು ಬೇಕೆಂದು ಮಾಲೀಕಮ್ಮ ಹಿಂದೆ ಎಷ್ಟೋ ಸಲ ಕೇಳಿದ್ದಳು. ಆಗೆಲ್ಲ ಒದ್ದೆಯಕ್ಕ ನಕ್ಕು ಜಾರಿಕೊಂಡಿದ್ದಳು.

"ನಂಗೆ ಕಲಿಸಿ ಅಮ್ಮಾ. ಬಾವಿಯಲ್ಲಿ ಈಜಿ ಬೆಳೆದೋಳು ನಾನು. ನೀರಿನ ಭಯ ಇಲ್ಲ."

ತಿಮಿಂಗಿಲ ಅದನ್ನು ಕೇಳಿ ಹೊಟ್ಟೆ ಕುಲುಕಿಸಿ ನಕ್ಕ. "ಮೀನಿಗೆ ಕಲಿಸಬಹುದು. ಪೊರಕೆಗೆ ಹೇಗಮ್ಮ ಕಲಿಸೋದು?"

"ಪೊರಕೆಗೆ ಕಲಿಸೋದೇನೂ ಬೇಡ ಸಾರ್. ಕಸ ಎಲ್ಲಿದ್ರೂ ಅದೇ ಹುಡುಕಿಕೊಳ್ಳುತ್ತೆ," ಎಂದಳು ಒದ್ದೆಯಕ್ಕ.

ಏನು ಹುಡುಕಬೇಕೆಂದು ಆಗ ಅವಳಿಗೇ ತಿಳಿದಿರಲಿಲ್ಲ. ಅವನ ವಿದ್ಯೆಯೊಳಗೇ ಹೊಕ್ಕು ಅವನ ಗಂಟಲು ಎಲ್ಲಿದೆ ನೋಡಬೇಕು, ಅಷ್ಟೇ.

ಬುಧವಾರ, ಶನಿವಾರ ಮಧ್ಯಾಹ್ನ ಪಾಠ. ಅವಳ ಜೊತೆಗೆ ಕಲಿಯಲು ಬಂದವಳು ಒಬ್ಬ ನರ್ಸಮ್ಮ. ಕಡ್ಡಿಯಂಥ ದೇಹ, ಗಡಿಯಾರದಂಥ ಮನಸ್ಸು. ಮೊದಲ ದಿನ ಎದೆಮಟ್ಟದ ನೀರಿನಲ್ಲಿ ಮಂಡಿಯೂರಿ, ರಬ್ಬರ್ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ತಲೆ ಮುಳುಗಿಸಿ ಉಸಿರೆಳೆಯಬೇಕು. ನಲವತ್ತಾರು ವರ್ಷ ನೀರಿನೊಳಗೆ ಉಸಿರು ಬಿಗಿಹಿಡಿದು ರೂಢಿಯಾದ ಮೈ, ಎಳೆಯೆಂದರೆ ಎಳೆಯುವುದಿಲ್ಲ. ಎಳೆದಾಗ ಒಣಗಾಳಿ ಗಂಟಲಿಗೆ ಇಳಿಯಿತು. ಅವಳಿಗೆ ಗಂಡನ ನೆನಪಾಯಿತು. ಇಷ್ಟು ವರ್ಷ ಅವನು ತುಂಬಿಟ್ಟ ಗಾಳಿ ಹೀಗಿತ್ತೇ, ಒಂದು ಗುಟುಕೂ ಕುಡಿದು ನೋಡಿರಲಿಲ್ಲವಲ್ಲ ಎನಿಸಿತು.

ಆಮೇಲೆ ಕಣ್ಣಿನ ಮಾಸ್ಕ್‌ನೊಳಗೆ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿದ ರಬ್ಬರ್ ತುದಿಯನ್ನು ಕೈ ಬೀಸಿ ಹುಡುಕಿ ಮತ್ತೆ ಕಚ್ಚುವುದು, ಗಾಳಿ ಮುಗಿದರೆ ಅಂಗೈಯನ್ನು ಕತ್ತಿಗೆ ಅಡ್ಡ ಎಳೆದು ಸನ್ನೆ ಮಾಡುವುದು. ಸನ್ನೆ ಕಂಡ ಜೊತೆಗಾರ ತನ್ನಲ್ಲಿರುವ ಎರಡನೆಯ ರಬ್ಬರ್ ತುದಿಯನ್ನು ತಕ್ಷಣ ಅವನ ಬಾಯಿಗೆ ಕೊಡಬೇಕು. ಇಷ್ಟನ್ನೂ ಅವಳು ಬೇಗ ಕಲಿತಳು. ಒಂದು ಮಾತ್ರ ಬಗ್ಗಲಿಲ್ಲ. ಬೇರೆಯವರ ಸಿಲಿಂಡರ್ ಅರ್ಧ ಇರುವಾಗಲೇ ಅವಳದು ಬರಿದು.

"ಏನಕ್ಕ, ಊರಿನ ಗಾಳಿಯನ್ನೆಲ್ಲ ನೀನೇ ಕುಡಿದ್ಯಲ್ಲ! ಗಂಡನ ಸಂಬಳದ ಬಾಕಿ ವಸೂಲಿ ಮಾಡ್ತಿದ್ದೀಯಾ?" ಎಂದು ಎಲ್ಲರೆದುರು ತಿಮಿಂಗಿಲ ಗೇಲಿ ಮಾಡಿದ.

ನರ್ಸಮ್ಮ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೆಲ್ಲಗೆ ಹೇಳಿದಳು: "ನಿಮಗೆ ಸಿಟ್ಟು ಜಾಸ್ತಿ ಅಕ್ಕ. ಸಿಟ್ಟಿದ್ದೋರ ಉಸಿರು ಓಡುತ್ತೆ. ನಮ್ಮ ವಾರ್ಡಿನಲ್ಲಿ ದಿನಾ ನೋಡ್ತೀನಿ."

ಅಂದಿನಿಂದ ಒದ್ದೆಯಕ್ಕ ಸಿಟ್ಟನ್ನು ಸಣ್ಣ ಉರಿಯಲ್ಲಿ ಇಡಲು ಕಲಿತಳು. ನೀರಿನ ತಳದಲ್ಲಿ ಕೂತು, ಎದುರಿಗಿದ್ದ ಆ ದಪ್ಪ ಮುಖವನ್ನು ನೋಡುತ್ತ, ನಿಧಾನವಾಗಿ ಎಳೆದು ನಿಧಾನವಾಗಿ ಬಿಡುವುದು. ಉಕ್ಕಿದರೆ ಒಲೆಯೇ ಆರಿಹೋಗುತ್ತದೆ. ಹದವಾಗಿ ಕುದಿದರೆ ಮೂಳೆಯೂ ಬೇಯುತ್ತದೆ.

ನಾಲ್ಕನೆಯ ಪಾಠದ ದಿನ ಕಸ ಸಿಕ್ಕಿತು.

ತಿಮಿಂಗಿಲಕ್ಕೆ ಒಂದು ಅಭ್ಯಾಸವಿತ್ತು. ಸಿಲಿಂಡರಿನ ವಾಲ್ವನ್ನು ಪೂರ್ತಿ ತೆರೆದು, ಬಿಗಿಯಾಗಿ ಕಚ್ಚಿಕೊಳ್ಳದಿರಲೆಂದು ಒಂದಿಷ್ಟು ಹಿಂದಕ್ಕೆ ತಿರುಗಿಸಬೇಕು ಎಂದು ಅವನು ಹಳೆಯ ಕಾಲದಲ್ಲಿ ಕಲಿತಿದ್ದ. ವಿದ್ಯಾರ್ಥಿ ನೀರಿಗೆ ಇಳಿಯುವ ಮುನ್ನ ಎದುರಿಗೆ ನಿಂತು, ಹೆಗಲ ಮೇಲಿಂದ ಕೈ ಚಾಚಿ, "ಕೊನೇ ಸುತ್ತು ಗುರುವಿನ ಕೈಯಿಂದ" ಎನ್ನುತ್ತ ವಾಲ್ವನ್ನು ತಾನೊಮ್ಮೆ ತಿರುಗಿಸುವನು. ಅಂದು ಯಾರೊಂದಿಗೋ ಹರಟುತ್ತ ಅವಳ ವಾಲ್ವ್ ತಿರುಗಿಸಿದ. ನೀರಿಗಿಳಿದಾಗ ಮೊದಲು ಉಸಿರು ಬಂತು. ಆದರೆ ಪ್ರತಿ ಸಲ ಎಳೆದಾಗಲೂ ಮೀಟರಿನ ಮುಳ್ಳು ಬಾವಿಗೆ ಬಿಟ್ಟ ಬಿಂದಿಗೆಯಂತೆ ದಡಕ್ಕನೆ ಕೆಳಗಿಳಿದು ಮತ್ತೆ ಮೇಲೆ ಬರುತ್ತಿತ್ತು. ಹತ್ತಡಿ ಇಳಿಯುವುದರೊಳಗೆ ಸೂಜಿಯ ಕಣ್ಣಿನಿಂದ ಹೀರಿದಂತಾಯಿತು. ಮೇಲೆ ಬಂದು, ಮೂಲೆಯಲ್ಲಿ ಸಿಲಿಂಡರ್ ಬಿಚ್ಚಿ, ತಾನೇ ವಾಲ್ವ್ ಮುಟ್ಟಿ ನೋಡಿದಳು. ಅದು ತೆರೆದಿದ್ದದ್ದು ಬರೀ ಕಾಲು ಸುತ್ತು. ತೆರೆದಿದ್ದುದನ್ನು ಅವನು ಪೂರ್ತಿ ಮುಚ್ಚಿ, ಆಮೇಲೆ ಒಂದಿಷ್ಟು ಹಿಂದಕ್ಕೆ ತಿರುಗಿಸಿದ್ದ. ಅವಳು ಪೂರ್ತಿ ತೆರೆದಳು. ಮುಳ್ಳು ಅಲುಗಾಡದೆ ನಿಂತಿತು.

ಸಿಲಿಂಡರ್ ತುಂಬಾ ಗಾಳಿ. ಸಿಗುತ್ತಿದ್ದದ್ದು ಮಾತ್ರ ಗುಟುಕು. ಬ್ಯಾಂಕಿನವನಿಗೂ ಹೀಗೇ ಆಗಿತ್ತು. ಅವನನ್ನು ಮಲಗಿಸಿದೊಡನೆ ಆ ಕೈ ವಾಲ್ವಿನ ಮೇಲೆ ಯಾಕೆ ಆಡಿತೆಂದು ಈಗ ತಿಳಿಯಿತು: ಯಾರೂ ನೋಡುವ ಮೊದಲೇ ಅದನ್ನು ಪೂರ್ತಿ ತೆರೆದಿಡಲು. ಒದ್ದೆಯಕ್ಕ ಗೋಡೆಗೆ ಒರಗಿ ನಿಂತಳು.

ಅಲ್ಲೇ ಕೂಗಬಹುದಿತ್ತು. ಆದರೆ ಕಸ ಗುಡಿಸುವವಳ ಮಾತಿಗೆ ಏನು ಬೆಲೆ? ನೀನೇ ತಿರುಗಿಸಿದೆ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ನಗುತ್ತಿದ್ದ. ಬಾಯಿಗೆ ಬೀಗ ಹಾಕಿಕೊಂಡು ಇನ್ನೂ ಎರಡು ತಿಂಗಳು ಅವನ ಕೈಯನ್ನೇ ನೋಡಿದಳು. ಸುಮ್ಮನಿದ್ದಾಗ ಕೈ ಸರಿಯಾಗಿ ತಿರುಗುತ್ತಿತ್ತು. ಮಾತಿನಲ್ಲಿದ್ದಾಗ, ಅದರಲ್ಲೂ ಶಾರ್ಕ್ ಮೀನಿನ ಮೂತಿಗೆ ತಾನು ಗುದ್ದಿದ ಕಥೆ ಹೇಳುವಾಗ, ಕೈಗೆ ದಿಕ್ಕು ತಪ್ಪುತ್ತಿತ್ತು. ಬೇರೆಯವರದು ಹಾಗಾದಾಗಲೆಲ್ಲ ಅವಳು ಪಟ್ಟಿ ಬಿಗಿಮಾಡುವ ನೆಪದಲ್ಲಿ ಹಿಂದೆ ಹೋಗಿ ಸರಿಮಾಡಿಬಿಡುತ್ತಿದ್ದಳು. ಅವರು ಅವಳ ಶತ್ರುಗಳಲ್ಲ.

ಗಂಡನಿಗೂ ಹೇಳಲಿಲ್ಲ. ಕೈಯಲ್ಲಿ ಪುರಾವೆಯಿಲ್ಲದೆ ಹೇಳಿದರೆ ಅದು ಹೆಂಡತಿಯ ಸಮಾಧಾನವಾಗುತ್ತದೆ ಅಷ್ಟೇ.

ಕೊಳದ ಕೊನೆಯ ಪರೀಕ್ಷೆ ಬಂತು. ವಿದ್ಯಾರ್ಥಿ ಗುರುವಿನ ಸಿಲಿಂಡರನ್ನು ತಾನೇ ಜೋಡಿಸಿ ಸಿದ್ಧಮಾಡಬೇಕು. ಆಮೇಲೆ ಇಬ್ಬರೂ ಜೊತೆಗಾರರಾಗಿ ಹದಿನಾರು ಅಡಿಗೆ ಇಳಿಯಬೇಕು. ಒದ್ದೆಯಕ್ಕ ಜೋಡಿಸಿದಳು. ವಾಲ್ವ್ ಪೂರ್ತಿ ತೆರೆದು, ನರ್ಸಮ್ಮನನ್ನೂ ಮಾಲೀಕಮ್ಮನನ್ನೂ ಕರೆದಳು.

"ಅಮ್ಮಾ, ಇದು ನನ್ನ ಪರೀಕ್ಷೆ. ನೀವೇ ಇಲ್ಲಿಂದ ಉಸಿರೆಳೆದು ಮುಳ್ಳು ನೋಡಿ. ನರ್ಸಮ್ಮ, ನೀವೂ ನೋಡಿ."

ಮಾಲೀಕಮ್ಮ ಮೂಗು ಮುರಿದು, ರಬ್ಬರ್ ತುದಿ ಒರೆಸಿ, ಎಳೆದಳು. "ಅಲುಗಾಡಲಿಲ್ಲ."

"ಕಂಬದಂಗೆ ನಿಂತಿದೆ," ಎಂದಳು ನರ್ಸಮ್ಮ.

ತಿಮಿಂಗಿಲ ಬಂದು ಜಾಕೆಟ್ಟಿನೊಳಗೆ ಎಡತೋಳು ತೂರಿಸುತ್ತಿರುವಾಗ ಒದ್ದೆಯಕ್ಕ ಬಾಯಿಗೆ ಸಕ್ಕರೆ ಹಾಕಿಕೊಂಡವಳಂತೆ ಕೇಳಿದಳು: "ಸಾರ್, ಆ ಶಾರ್ಕ್ ಕಥೆ ಮಾಲೀಕಮ್ಮನೋರು ಕೇಳೇ ಇಲ್ವಂತೆ?"

"ಹೌದೇ? ಏನಾಯ್ತು ಗೊತ್ತಾ ಮೇಡಂ..." ಎಂದು ಶುರುವಾಯಿತು. ಶಾರ್ಕ್ ಬಾಯಿ ತೆರೆಯುವ ಹೊತ್ತಿಗೆ ಇನ್ನೂ ಬೆನ್ನಿಗೇರದ ಸಿಲಿಂಡರಿನತ್ತ ಅವನ ಬಲಗೈ ತಾನಾಗಿ ಹೋಯಿತು. "ಕೊನೇ ಸುತ್ತು ಗುರುವಿನ ಕೈಯಿಂದ!" ಎಂದು ತಿರುಗಿಸಿದ. ಒಂದು ಸಲ ಉಸಿರೆಳೆದು ನೋಡಿದ, ಆದರೆ ಕಣ್ಣು ಮಾಲೀಕಮ್ಮನ ಮುಖದ ಮೇಲಿತ್ತು. ಮುಳ್ಳು ಕುಸಿದದ್ದನ್ನು ನೋಡಿದವಳು ಒದ್ದೆಯಕ್ಕ ಒಬ್ಬಳೇ.

ಜೊತೆಗಾರನ ಮುಳ್ಳು ಕುಸಿದರೆ ಹೇಳಬೇಕು. ಇದು ಮೊದಲ ಪಾಠ, ಅವನೇ ಕಲಿಸಿದ್ದು. ಅವಳು ಹೇಳಲಿಲ್ಲ.

ಇಳಿದರು. ಮೇಲಿಂದ ನೋಡುವವರಿಗಾಗಿ ತಿಮಿಂಗಿಲ ತಳದಲ್ಲಿ ಎರಡು ಸುತ್ತು ಜೋರಾಗಿ ಈಜಿ ಮೆರೆದ. ಬಂದು ಮಂಡಿಯೂರಿದಾಗ ಎದೆ ಏದುತ್ತಿತ್ತು. ಇನ್ನಷ್ಟು ಗಾಳಿ ಬೇಕು, ಗಾಳಿ ಬರುತ್ತಿಲ್ಲ. ಮಾಸ್ಕಿನೊಳಗೆ ಅವನ ಕಣ್ಣು ದೊಡ್ಡದಾಯಿತು. ಕೈ ಹಿಂದಕ್ಕೆ ತಡಕಾಡಿತು, ವಾಲ್ವ್ ಎಟುಕಲು ಹೊಟ್ಟೆ ಬಿಡಲಿಲ್ಲ. ಕೊನೆಗೆ ಅಂಗೈಯನ್ನು ಕತ್ತಿಗೆ ಅಡ್ಡ ಎಳೆದ.

ಒದ್ದೆಯಕ್ಕ ಒಂದು ಕೈಯಲ್ಲಿ ಅವನ ಜಾಕೆಟ್ಟಿನ ಪಟ್ಟಿ ಹಿಡಿದಳು. ಇನ್ನೊಂದು ಕೈಯಲ್ಲಿ ತನ್ನ ಎರಡನೆಯ ರಬ್ಬರ್ ತುದಿಯನ್ನು ಎದೆಗೆ ಒತ್ತಿಕೊಂಡಳು. ಅವನ ಕಣ್ಣಲ್ಲಿ ಕಣ್ಣಿಟ್ಟು ಮನಸ್ಸಿನಲ್ಲೇ ಎಣಿಸಿದಳು. ಗಂಡ ಆ ಕುರ್ಚಿಯಲ್ಲಿ ಕೂತ ತಿಂಗಳಿಗೊಂದರಂತೆ. ಒಂದು. ಎರಡು. ಮೂರು. ಅವನು ಮತ್ತೆ ಕತ್ತು ಕೊಯ್ದು ತೋರಿಸಿದ. ನಾಲ್ಕು. ಐದು. ಅವಳ ಉಸಿರು ಮಾತ್ರ ತೊಟ್ಟಿಲು ತೂಗಿದಷ್ಟು ನಿಧಾನ. ಆರು. ಏಳು.

ಎಂಟು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸತ್ತವನಿಗೆ ನಾಚಿಕೆಯಿಲ್ಲ. ಅವಳಿಗೆ ಬೇಕಿದ್ದದ್ದು ಅವನ ಜೀವವಲ್ಲ, ಅವನ ಬಾಯಿ. ರಬ್ಬರ್ ತುದಿಯನ್ನು ಅದರೊಳಗೆ ತುರುಕಿ ಮೇಲಕ್ಕೆ ಕರೆದುಕೊಂಡು ಬಂದಳು.

ಕಲ್ಲುಹಾಸಿನ ಅಂಚು ಹಿಡಿದು ಕೆಮ್ಮಿ, ಉಗಿದು, ಉಸಿರು ತಿರುಗಿದೊಡನೆ ಅವನು ಕೂಗಿದ್ದು ಅದೇ ಮಾತು:

"ಯಾವನೋ ಇದಕ್ಕೆ ಗಾಳಿ ತುಂಬಿದ್ದು?"

ಎಲ್ಲರೂ ಅವನನ್ನೇ ನೋಡಿದರು. ಗಾಳಿಯಪ್ಪ ಹೋದಮೇಲೆ ಬೇರೆಯವರನ್ನು ನೇಮಿಸದೆ, ತಾನೇ ಮಾಡುತ್ತೇನೆಂದು ಆ ಕೆಲಸ ವಹಿಸಿಕೊಂಡವನು ಅವನೇ.

"ನೀವೇ ಸಾರ್," ಎಂದಳು ಒದ್ದೆಯಕ್ಕ. "ಬೆಳಿಗ್ಗೆ ನೀವೇ ತುಂಬಿದ್ರಲ್ಲ."

ಅವನ ಕೈ ಹಿಂದಕ್ಕೆ ಹೊರಟಿತು. ಈ ಸಲ ಅವಳ ಕೈ ಆಗಲೇ ವಾಲ್ವಿನ ಮೇಲಿತ್ತು. "ಮುಟ್ಟಬೇಡಿ. ಅವತ್ತು ಮುಟ್ಟಿದ್ದು ಸಾಕು. ನರ್ಸಮ್ಮ, ಬಂದು ನೋಡಿ."

ನರ್ಸಮ್ಮ ಬಗ್ಗಿ, ಉಸಿರೆಳೆದು ಮುಳ್ಳು ಬೀಳುವುದನ್ನು ಮಾಲೀಕಮ್ಮನಿಗೆ ತೋರಿಸಿದಳು. ಆಮೇಲೆ ವಾಲ್ವನ್ನು ಮುಚ್ಚಿ ನೋಡಿದಳು. "ಕಾಲು ಸುತ್ತು. ಇಷ್ಟೇ ತೆರೆದಿತ್ತು ಮೇಡಂ. ಸಿಲಿಂಡರ್ ತುಂಬಾ ಇದೆ. ನಾವು ನೋಡಿದಾಗ ಸರಿಯಿತ್ತು. ಆಮೇಲೆ ಮುಟ್ಟಿದ್ದು ಇವರೊಬ್ಬರೇ."

"ಬ್ಯಾಂಕಿನವರ ವಾಲ್ವ್ ಕೊನೇ ಸುತ್ತು ತಿರುಗಿಸಿದ್ದು ಯಾರು ಸಾರ್?" ಒದ್ದೆಯಕ್ಕ ದನಿ ಎತ್ತಲಿಲ್ಲ. "ಹೇಳಿ. ಈಗ ನಿಮ್ಮ ಬಾಯಲ್ಲಿರೋದು ನಾನು ಕೊಟ್ಟ ಗಾಳಿ."

ತಿಮಿಂಗಿಲ ನೀರನ್ನೇ ನೋಡಿದ. "ನಾನೇ," ಎಂದ.

ಮಾಲೀಕಮ್ಮನ ಮುಖ ಸುಣ್ಣವಾಯಿತು. ಕೂಡಲೇ ಹೊರಡೆಂದು ಅವನಿಗೆ ಬಾಗಿಲು ತೋರಿಸಿದಳು. ತಡೆದವಳು ಒದ್ದೆಯಕ್ಕ. "ಹೋದ್ರೆ ಇನ್ನೊಂದು ಊರಲ್ಲಿ ಶಾರ್ಕ್‌ಗೆ ಗುದ್ದುತ್ತಾನೆ. ಇಲ್ಲೇ ಇರಲಿ. ವಾಲ್ವ್ ಮುಟ್ಟೋದು ಬೇಡ. ಆ ಗಾಜಿನೊಳಗಿನ ಕಾಗದ ತೆಗೆದು, ತನ್ನ ಕೈಯಾರೆ ಇನ್ನೊಂದು ಬರೀಲಿ."

ಸಂಜೆ ಕಾಲು ತೊಳೆದುಕೊಳ್ಳುವಷ್ಟರಲ್ಲಿ ಕುರ್ಚಿಯಿಂದ ಪ್ರಶ್ನೆ ಬಂತು. "ಅವತ್ತು ನಾನು ಮುಳ್ಳು ನೋಡಿದ್ದೆ ಅಲ್ವೇನೇ?"

ಅವಳು ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮುಳ್ಳು, ಕಾಲು ಸುತ್ತು, ಶಾರ್ಕ್, ತಳದಲ್ಲಿ ತಾನು ಎಣಿಸಿದ್ದು, "ನಾನೇ" ಎಂದು ಅವನು ಒಪ್ಪಿದ್ದು. ಗಾಳಿಯಪ್ಪನ ಬೆರಳುಗಳು ಕುರ್ಚಿಯ ತೋಳಿನ ಮೇಲೆ ನಿಂತವು. ಆಮೇಲೆ ಕೇಳಿದ:

"ಎಷ್ಟು ಎಣಿಸಿದೆ?"

"ಏಳು."

ಇರುವೆಯನ್ನೂ ದಾಟಿ ನಡೆಯುವ ಮನುಷ್ಯ ಕಿಟಕಿಯತ್ತ ತಿರುಗಿ ಹೇಳಿದ: "ಹತ್ತು ಎಣಿಸಬೇಕಿತ್ತು."

ಮರುದಿನವೇ ಅವನು ತನ್ನ ತಗಡಿನ ಕೋಣೆಗೆ ಹೋದ. ಕಂಪ್ರೆಸರಿನ ಫಿಲ್ಟರನ್ನು ಏಳು ತಿಂಗಳಿಂದ ಯಾರೂ ಬದಲಿಸಿಲ್ಲವೆಂದು ಮಧ್ಯಾಹ್ನದವರೆಗೂ ಗೊಣಗಿದ. ಗಾಜಿನ ಫಲಕದಲ್ಲಿ ತಿಮಿಂಗಿಲದ ಸೊಟ್ಟ ಅಕ್ಷರಗಳು ಬಂದವು: ಅಂದಿನ ತಪ್ಪು ನನ್ನದು, ಗಾಳಿ ತುಂಬಿದವರದಲ್ಲ. ಕೊಳದ ಪಕ್ಕದ ತೇವ ಗಾಜಿನೊಳಕ್ಕೂ ನುಗ್ಗುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಶಾಯಿ ಹಬ್ಬಿ ಅಕ್ಷರ ಅಳಿಸುತ್ತಿತ್ತು. ಆಗೆಲ್ಲ ಒದ್ದೆಯಕ್ಕ ಕೈ ಒರೆಸಿಕೊಂಡು, ಹೊಸ ಹಾಳೆಯೂ ಪೆನ್ನೂ ತಂದು ಅವನ ಮುಂದೆ ಇಡುತ್ತಿದ್ದಳು.

"ಸಾರ್, ಓದೋಕೆ ಆಗ್ತಿಲ್ಲ. ಇನ್ನೊಂದ್ಸಲ ಬರೀರಿ."

ಅವನು ಬರೆದು ಮುಗಿಸುವ ತನಕ ಹಿಂದೆಯೇ ನಿಂತಿರುತ್ತಿದ್ದಳು.