ಒಳಗಿನಿಂದ ‘ಆಯ್ತೂ’ ಬರುವ ತನಕ

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎರಡು ಲಾಡ್ಜುಗಳನ್ನೂ ಒಂದು ಹಾರ್ಮೋನಿಯಂ ರಿಪೇರಿ ಅಂಗಡಿಯನ್ನೂ ದಾಟಿದರೆ ಸಿಗುವ ಉಡುಪಿ ಹೋಟೆಲಿನಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ತಿನ್ನುತ್ತಿದ್ದೇನೆ. ಅಲ್ಲಿಯ ಕಾಫಿ ಒಂದು ದಿನವೂ ಸರಿ ಇರಲಿಲ್ಲ. ಆದರೂ ಹೋಗುವುದು ಬಿಟ್ಟಿಲ್ಲ. ಹೋಗುತ್ತಿದ್ದದ್ದು ಧನರಾಜನ ಕೂಗು ಕೇಳಲಿಕ್ಕೆ ಎಂದು ನನಗೇ ಗೊತ್ತಾದದ್ದು ಅವನು ಸುಮ್ಮನಾದ ಮೇಲೆ.

ಧನರಾಜ ಅಲ್ಲಿಯ ಸಪ್ಲಾಯರ್. ಕಾಪು ಕಡೆಯವನು. ವಯಸ್ಸು ಐವತ್ತಮೂರು, ಓದು ಆರನೇ ಕ್ಲಾಸು. ಕುಳ್ಳ, ಮುಂದಿನ ಹಲ್ಲೊಂದು ಅರ್ಧ ಮುರಿದಿದೆ, ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಾನೆ. ದಾರಿಯಲ್ಲಿ ಎದುರಾದರೆ ಯಾರೂ ಎರಡನೇ ಸಲ ನೋಡುವ ಮನುಷ್ಯನಲ್ಲ. ಅವನಿಗಿದ್ದ ಆಸ್ತಿ ಒಂದೇ, ಗಂಟಲು.

ಆರ್ಡರನ್ನು ಅವನು ಬರೆದುಕೊಳ್ಳುತ್ತಿರಲಿಲ್ಲ. ನಾಲ್ಕು ಟೇಬಲ್ ಸುತ್ತಿ ಬಂದು, ಅಡುಗೆಮನೆಯ ಕಿಂಡಿಯ ಮುಂದೆ ನಿಂತು, ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. “ಏಕ್ ಮೈಸೂರ್, ದೋ ಸಾದಾ, ರವಾ ಒಂದು ಖಡಕ್, ಇಡ್ಲಿ ಸಾಂಬಾರಲ್ಲಿ ಮುಳುಗ್ಲಿ, ಅಜ್ಜನ ಉಪ್ಮಾಕ್ಕೆ ಮೆಣಸು ಬೇಡಾ…” ಕೊನೆಯ ಮಾತನ್ನು ಎಳೆದು ಬಿಟ್ಟು ಹಾಗೇ ನಿಲ್ಲುತ್ತಿದ್ದ. ಒಳಗಿನಿಂದ ಪ್ರಶಾಂತ ಭಟ್ಟರು “ಆಯ್ತೂ” ಅನ್ನಬೇಕು. ಅದು ಒಮ್ಮೆ ತಕ್ಷಣ ಬರುತ್ತಿತ್ತು, ಒಮ್ಮೆ ಕಾವಲಿಯ ಮೇಲಿನ ದೋಸೆ ಎಬ್ಬಿಸಿದ ಮೇಲೆ. ಬರುವ ತನಕ ಧನರಾಜ ಅಲ್ಲಿಂದ ಅಲ್ಲಾಡುತ್ತಿರಲಿಲ್ಲ.

“ಕೂಗಿದ್ರೆ ನೆನಪಿರ್ತದೆ ಸರ್, ಅವ್ರು ಆಯ್ತು ಅಂದ್ರೆ ಮರೀಲಿಕ್ಕೆ ಆಗ್ತದೆ. ಇಲ್ಲದಿದ್ರೆ ಮಂಡೆ ತುಂಬಿ ಹೋಗ್ತದೆ” ಎಂದು ಒಮ್ಮೆ ನನಗೆ ಹೇಳಿದ್ದ. ಅವನ ಟೇಬಲಿನಲ್ಲಿ ಯಾರಿಗೂ ತಪ್ಪು ತಟ್ಟೆ ಬಂದದ್ದಿಲ್ಲ, ಯಾರೂ ಹಸಿದು ಎದ್ದುಹೋದದ್ದಿಲ್ಲ. ಅವನು ಜಂಬ ಪಡುತ್ತಿದ್ದದ್ದು ಇದೊಂದಕ್ಕೇ.

ಎರಡು ವರ್ಷದ ಹಿಂದೆ ಸ್ನೇಹಲ್ ಎಂಬ ಹುಡುಗಿ ಅಲ್ಲಿಗೆ ದೋಸೆ ತಿನ್ನಲು ಬಂದಳು. ತಂದೆತಾಯಿ ಬೆಳಗಾವಿಯವರು, ಅವಳ ಕೆಲಸ ಪರೇಲಿನ ಹಳೇ ಮಿಲ್ಲಿನ ಆವರಣದಲ್ಲಿರುವ ಕಾರ್ಟೂನ್ ಮಾಡುವ ಕಂಪನಿಯಲ್ಲಿ. ಜಾಗ ಇರಲಿಲ್ಲವೆಂದು ನನ್ನ ಟೇಬಲಿನಲ್ಲೇ ಕೂತಳು. ನನ್ನ ಮಾತಿನ ಧಾಟಿ ಕೇಳಿ “ಕಾಕಾ, ನಮ್ಮ ಕಡಿಯವ್ರೇನ್ರಿ?” ಅಂದಳು. ಬೈಲಹೊಂಗಲ ಅಂದೆ. ಅಷ್ಟರಲ್ಲಿ ಧನರಾಜ ಕೂಗಿದ. ಅವಳ ಕೈಯ ತುತ್ತು ಅಲ್ಲೇ ನಿಂತಿತು.

ಅವರ ಕಂಪನಿ ಆಗ ‘ಪ್ಲಾಟ್‌ಫಾರ್ಮ್ ಝೀರೋ’ ಎಂಬ ಬ್ಯಾಂಡ್ ಕಟ್ಟುತ್ತಿತ್ತು. ಬ್ಯಾಂಡಿನಲ್ಲಿ ನಾಲ್ವರು, ನಾಲ್ವರೂ ಬರೀ ಚಿತ್ರ. “ಇಲ್ಲದ ಮಂದಿ ಹ್ಯಾಂಗ ಹಾಡ್ತಾರವಾ ತಂಗಿ?” ಎಂದು ಕೇಳಿದೆ.

“ದನಿ ಬ್ಯಾರೆಯವ್ರದು ಕಾಕಾ, ಮುಖ ನಾವು ಬರೀತೇವಿ” ಎಂದಳು. “ಮನಷ್ಯಾ ಸಿಂಗರ್‌ದು ನಾಲ್ಕೈದು ವರ್ಷದ ಆಟ. ಆಮ್ಯಾಲೆ ದಪ್ಪ ಆಗ್ತಾರ, ಜಗಳಾ ಮಾಡ್ತಾರ, ಮಂದಿಗೂ ಬ್ಯಾಸರ ಬರತೈತಿ. ನಾ ಅಂಥಾ ಇಬ್ಬರ ಜೋಡಿ ಕೆಲಸಾ ಮಾಡೇನಿ. ಇವ್ರಿಗೆ ವಯಸ್ಸ ಆಗಂಗಿಲ್ಲ.”

ನಾಲ್ವರಲ್ಲಿ ಮುಖ್ಯನಾದವನು ಜಿಗ್ಗಿ. ಹತ್ತೊಂಬತ್ತು ವರ್ಷ, ನೀಲಿ ಕೂದಲು, ಒಂದೇ ಕಿವಿಗೆ ನಾಲ್ಕು ಓಲೆ, ಬಾಯಿ ತೆರೆದರೆ ರ‍್ಯಾಪ್. ಅವನಿಗೆ ಗಂಟಲು ಹುಡುಕಿ ಇಪ್ಪತ್ತು ಹುಡುಗರನ್ನು ಹಾಡಿಸಿ ನೋಡಿದ್ದರಂತೆ, ಎಲ್ಲರೂ ಒಬ್ಬರಂತೆ ಒಬ್ಬರು. ಸ್ನೇಹಲ್ ಕೈ ತೊಳೆದು ಬಂದು ಧನರಾಜನ ಮುಂದೆ ನಿಂತಳು. ಅವನು ಅವಳನ್ನು ಕೇಳಿದ್ದು, “ಎಂತ, ಚಟ್ನಿ ಬೇಕಾ?”

ಕರಾರು ಪತ್ರವನ್ನು ಅವನು ನನ್ನ ಹತ್ತಿರ ತಂದ. ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಸಣ್ಣಕ್ಷರ ಓದಿದವನು ನಾನು, ನನಗಿಂತ ಬೇರೆ ಯಾರನ್ನು ಕೇಳಿಯಾನು? ಹನ್ನೊಂದನೇ ಕಲಮಿನಲ್ಲಿ ಎರಡು ಮಾತಿತ್ತು. ಜಿಗ್ಗಿಯ ದನಿ ತನ್ನದೆಂದು ಯಾರಿಗೂ ಹೇಳಕೂಡದು. ಆ ದನಿಯ ಶೈಲಿಯನ್ನು ಸಾರ್ವಜನಿಕ ಸ್ಥಳದಲ್ಲಿ ಪ್ರದರ್ಶಿಸಕೂಡದು. “ನೀ ಏನ ಸ್ಟೇಜ್ ಮ್ಯಾಲೆ ಹಾಡಾಂವ ಅದೀ ಏನ? ಹಾಕ ಸಹಿ” ಎಂದುಬಿಟ್ಟೆ. ದಿನಕ್ಕೆ ಮುನ್ನೂರು ಜನ ಬಂದುಹೋಗುವ ಹೋಟೆಲು ಸಾರ್ವಜನಿಕ ಸ್ಥಳ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಆ ತಪ್ಪು ನನ್ನದು.

ರೆಕಾರ್ಡಿಂಗಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಗಾಜಿನ ಕೋಣೆಯಲ್ಲಿ ಅವನನ್ನು ನಿಲ್ಲಿಸಿ, ಯಾರೋ ಬರೆದ ಹಾಡನ್ನು ಅವನ ಕೂಗಿನ ಲಯದಲ್ಲಿ ಹೇಳಿಸಿದರು. ಲೋಕಲ್ ಟ್ರೇನಿನ ಸ್ಟೇಷನ್‌ಗಳ ಹೆಸರೇ ಹಾಡು. ಧನರಾಜ ನಾಲ್ಕು ಸಾಲು ಹೇಳಿ, ಕೊನೆಯದನ್ನು ಎಳೆದು, ಬಾಯಿ ಮುಚ್ಚಿ ನಿಂತ. ತಾಳ ಮುಂದೆ ಹೋಯಿತು, ಇವನು ಹೋಗಲಿಲ್ಲ. ಮೂರು ಸಲ ಹೀಗೇ ಆಯಿತು. ಏನಾಯಿತೆಂದು ಸ್ನೇಹಲ್ ಒಳಗೆ ಹೋಗಿ ಕೇಳಿದಳು.

“ಆಯ್ತು ಅಂತ ಯಾರಾದ್ರೂ ಹೇಳ್ಬೇಕಲ್ಲ ಮಾರಾಯ್ರೆ” ಎಂದ ಅವನು.

ಆಮೇಲೆ ಅವಳೇ ಗಾಜಿನ ಆಚೆಯಿಂದ ಒಂದೊಂದು ಸಲ “ಆಯ್ತೂ” ಅನ್ನುತ್ತ ಹೋದಳು. ತನ್ನ ದನಿಯನ್ನು ಆಮೇಲೆ ಅಳಿಸಿದಳು, ಅವನು ಕಾಯುತ್ತಿದ್ದ ಜಾಗವನ್ನು ಹಾಗೇ ಬಿಟ್ಟಳು. ಹಾಡು ಓಡಿದ್ದು ಆ ಖಾಲಿ ಜಾಗದಿಂದಲೇ. ಜಿಗ್ಗಿ ನಾಲ್ಕು ಸಾಲು ಹೇಳಿ ಸುಮ್ಮನಾದ ಕೂಡಲೇ ಕೇಳುವವರು “ಹೇಯ್” ಎಂದು ಕೂಗಿ ಅದನ್ನು ತುಂಬುತ್ತಿದ್ದರು. ಕಾಲೇಜು ಫೆಸ್ಟಿವಲ್ಲು, ಗಣಪತಿ ಮಂಡಲ, ಮದುವೆಮನೆಯ ಹಳದಿ ಸಮಾರಂಭ, ಎಲ್ಲ ಕಡೆ ಅದೇ. ನಾನು ಕೂರುವ ಲೋಕಲಿನಲ್ಲಿ ಒಬ್ಬ ಹುಡುಗ ಫೋನಿನಲ್ಲಿ ಅದನ್ನೇ ಹಚ್ಚಿದ್ದಕ್ಕೆ ಪಕ್ಕದ ಡಬ್ಬಿಯವರೂ “ಹೇಯ್” ಅನ್ನುವಂತಾಯಿತು. ವಿಕ್ರೋಳಿಯ ಬಾಡಿಗೆ ಮನೆಯಲ್ಲಿ ಧನರಾಜನ ಮಗಳು ಲಾವಣ್ಯಾಳ ಫೋನಿನ ರಿಂಗೂ ಜಿಗ್ಗಿಯದೇ. ಹೋಟೆಲಿನ ಅಭ್ಯಾಸದಲ್ಲಿ ಅಪ್ಪ ಮನೆಯಲ್ಲೂ ಜೋರಾಗಿ ಮಾತಾಡಿದರೆ “ಪಪ್ಪಾ, ಧೀರೇ ಬೋಲೋ ನಾ” ಅನ್ನುವವಳು ಅವಳು. ಇವನು ಹೇಳುವ ಹಾಗಿಲ್ಲ, ಹೇಳಲಿಲ್ಲ.

ಒಂದು ದಿನ ಐದನೇ ಟೇಬಲಿನ ಗಿರಾಕಿ “ಅರೇ, ಇವನು ಜಿಗ್ಗಿಯ ಹಾಗೇ ಕೂಗುತ್ತಾನೆ” ಎಂದು ವಿಡಿಯೋ ತೆಗೆಯಲು ಫೋನ್ ಎತ್ತಿದ. ಅದು ಹೇಗೋ ಕಂಪನಿಯವರ ಕಿವಿಗೆ ಬಿತ್ತು. ಹತ್ತೊಂಬತ್ತರ ಹುಡುಗನ ಹಿಂದೆ ಐವತ್ತಮೂರರ ಸಪ್ಲಾಯರ್ ಇದ್ದಾನೆಂದು ತಿಳಿದರೆ ಜಿಗ್ಗಿಯ ಕಥೆ ಮುಗಿಯಿತು ಎಂದು ಅವರಿಗೆ ದಿಗಿಲು. ಸ್ನೇಹಲ್ ಫೋನ್ ಮಾಡಿ ಹನ್ನೊಂದನೇ ಕಲಮು ನೆನಪಿಸಿದಳು. ಮರುದಿನದಿಂದ ಧನರಾಜ ಕೂಗಲಿಲ್ಲ.

ಜೇಬಿನಲ್ಲಿ ಚೀಟಿ ಪುಸ್ತಕ, ಕಿವಿಯ ಮೇಲೆ ಪೆನ್ನು. ಬರೆದ ಚೀಟಿಯನ್ನು ಕಿಂಡಿಯಲ್ಲಿಟ್ಟು ಬರುತ್ತಿದ್ದ. ಮೊದಲ ವಾರದಲ್ಲೇ ನನಗೆ ಸಾದಾ ದೋಸೆಯ ಬದಲು ಶಿರಾ ಬಂತು. ಸಿಹಿ ತಿನ್ನದ ವಸಂತಿ ಎಂಬ ನಿವೃತ್ತ ನರ್ಸ್‌ಬಾಯಿಗೆ ಸಕ್ಕರೆ ಹಾಕಿದ ಕಾಫಿ ಹೋಯಿತು. “ಬರೆದದ್ದು ಕೈಗೆ ಗೊತ್ತುಂಟು ಸರ್, ಮಂಡೆಗೆ ಗೊತ್ತಿಲ್ಲ” ಎಂದು ತಲೆ ತಗ್ಗಿಸಿ ನಿಂತ. ಅವನು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಶಿರಾ ಪೂರ್ತಿ ತಿಂದೆ.

ಮಾಲೀಕರ ಮಗ ಸೃಜನ್ ಕೆಟ್ಟವನಲ್ಲ. ಧನರಾಜನ ತೋಳಲ್ಲಿ ಆಡಿ ಬೆಳೆದವನು, ಕೆಲಸದಿಂದ ತೆಗೆಯುವ ಮಾತೆತ್ತಲಿಲ್ಲ. ತಾನು ಕಂಡ ದಾರಿ ಹಿಡಿದ. ಹಳೇ ಹೋಟೆಲುಗಳಿಗೆಂದೇ ಜಿಗ್ಗಿಯ ಕಂಪನಿಯವರು ಆಗ ಒಂದು ಯಂತ್ರ ತಂದಿದ್ದರು. ಸಪ್ಲಾಯರ್ ಟ್ಯಾಬ್ ಒತ್ತಿದರೆ ಅಡುಗೆಮನೆಯ ಗೋಡೆಯ ಮೇಲಿನ ಸ್ಪೀಕರ್, ಜಿಗ್ಗಿಯ ದನಿಯಲ್ಲಿ ಆರ್ಡರ್ ಕೂಗುತ್ತದೆ. ಧನರಾಜನ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ತಿನ್ನಿಸಿ ಮಾಡಿದ್ದು. ಸೃಜನ್‌ಗೆ ಅದು ಯಾರ ದನಿಯೆಂದು ಗೊತ್ತಿರಲಿಲ್ಲ. “ಧನ್ನಣ್ಣ, ತುಮ್ ಆರಾಮ್ ಸೇ ಒತ್ತಬೇಕು ಬಸ್. ಟೆನ್ಷನ್ ಇಲ್ಲ” ಎಂದು ಬೆನ್ನು ತಟ್ಟಿದ.

ಹೀಗೆ ಧನರಾಜ ಬಾಯಿ ಮುಚ್ಚಿಕೊಂಡು ಬೆರಳಿಂದ ಒತ್ತುವುದೂ, ಗೋಡೆ ಅವನ ದನಿಯಲ್ಲಿ ಕೂಗುವುದೂ ಶುರುವಾಯಿತು. ಕೂಗು ಅಚ್ಚುಕಟ್ಟಾಗಿಯೇ ಇತ್ತು. ಕೊನೆಗೆ ಆ ಖಾಲಿ ಜಾಗವೂ ಇತ್ತು, ಪ್ರತಿ ಸಲ ಅಷ್ಟಕ್ಕೆ ಅಷ್ಟೇ. ಅದು ಮುಗಿದ ಕೂಡಲೇ, ಉತ್ತರ ಬರಲಿ ಬಿಡಲಿ, ಮುಂದಿನ ಆರ್ಡರ್. ಭಟ್ಟರಂತೂ ಉತ್ತರ ಕೊಡುತ್ತಲೇ ಇರಲಿಲ್ಲ. ಕೇಳಿದ್ದಕ್ಕೆ, “ಗೋಡೆಗೆ ಆಯ್ತು ಹೇಳ್ಲಿಕ್ಕೆ ನನಗೆಂತ ಹುಚ್ಚಾ?” ಎಂದರು. ಎಣ್ಣೆಯ ಸದ್ದಿನಲ್ಲಿ ಅವರಿಗೆ ಕೇಳಿದ್ದೆಷ್ಟು, ಕೇಳದ್ದೆಷ್ಟು ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ದಿನಕ್ಕೆ ನಾಲ್ಕೈದು ತಟ್ಟೆ ಬರುತ್ತಲೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಒಂದೂವರೆ. ಕೂರಲು ಜಾಗವಿಲ್ಲ. ಏಳನೇ ಟೇಬಲಿನಲ್ಲಿ ಡಾಕ್ಟರ ಹತ್ತಿರದಿಂದ ಬಂದ ಮುದುಕ, ಮುದುಕಿ. ಮುದುಕನ ಕೈಯಲ್ಲಿ ಮೂಸಂಬಿ ಚೀಲ, ಎಕ್ಸರೇ ಕವರು. ಎರಡು ಇಡ್ಲಿ ಹೇಳಿ ನಲವತ್ತು ನಿಮಿಷವಾಗಿತ್ತು. ಧನರಾಜ ಎರಡು ಸಲ ಒತ್ತಿದ್ದ, ಗೋಡೆ ಎರಡು ಸಲ ಕೂಗಿತ್ತು. ಮುದುಕಿ “ನಡೀರಿ, ಮನೆಗೆ ಹೋಗಿ ಗಂಜಿ ಮಾಡ್ತೇನೆ” ಎಂದು ಗಂಡನ ತೋಳು ಹಿಡಿದು ಎಬ್ಬಿಸತೊಡಗಿದಳು.

ಧನರಾಜ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ. “ಸರ್, ಆ ಹನ್ನೊಂದನೇದು ಮುರಿದ್ರೆ ಎಂತ ಆಗ್ತದೆ?” ಎಂದು ಕೇಳಿದ.

“ಕೋರ್ಟಿಗೆ ಎಳೀತಾರ. ಕೊಟ್ಟದ್ದೆಲ್ಲಾ ವಾಪಸ್ ಕೇಳ್ತಾರ” ಎಂದೆ.

“ಎಳೀಲಿ” ಎಂದ. ತಟ್ಟೆಗಳನ್ನು ನನ್ನ ಟೇಬಲಿನ ಮೇಲೆ ಇಟ್ಟು, ಕಾಲೆಳೆಯುತ್ತ ಕಿಂಡಿಯ ಹತ್ತಿರ ಹೋಗಿ, ಒಂಬತ್ತು ತಿಂಗಳ ಮೇಲೆ ಬಾಯಿ ತೆರೆದ. “ಏಳಕ್ಕೆ ಎರಡು ಇಡ್ಲಿ ಮೊದ್ಲು, ಮೆತ್ತಗೆ, ಸಾಂಬಾರ್ ಬಿಸೀ, ಏಕ್ ಮೈಸೂರ್, ತೀನ್ ಸಾದಾ, ಹನ್ನೆರಡರ ವಡಾ ಎಲ್ಲಿ ಹೋಯ್ತೂ…” ಇಡೀ ಹೋಟೆಲು ತಿರುಗಿ ನೋಡಿತು. ಮುದುಕಿ ಮತ್ತೆ ಕೂತಳು, ಇಡ್ಲಿ ಬಂತು. ಮೂಲೆಯ ಟೇಬಲಿನ ಕಾಲೇಜು ಹುಡುಗಿ ಫೋನ್ ಹಿಡಿದು ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು. ಸಂಜೆಗೆ ಸೃಜನ್ ತಾನೇ ಸ್ಟೂಲ್ ಹತ್ತಿ ಸ್ಪೀಕರಿನ ವೈರ್ ಕಿತ್ತ.

ನನಗೆ ನಾಲ್ಕು ದಿನ ನಿದ್ದೆ ಇಲ್ಲ. ವಕೀಲರಿಗೆ ಏನು ಹೇಳುವುದೆಂದು ಕಾಗದದಲ್ಲಿ ಬರೆದಿಟ್ಟುಕೊಂಡೆ. ಐದನೇ ದಿನ ಊಟದ ಹೊತ್ತಿಗೆ ಸ್ನೇಹಲ್ ಬಂದಳು. ನಾನು ಕಾಗದ ತೆಗೆದೆ.

“ಅದು ಬ್ಯಾಡ್ರಿ ಕಾಕಾ” ಎಂದಳು. “ಆಫೀಸಿನ್ಯಾಗ ಎಲ್ಲಾರೂ ವಿಡಿಯೋ ನೋಡ್ಯಾರ. ವಕೀಲರೂ ನೋಡ್ಯಾರ. ಅದರ ಕೆಳಗ ಎರಡ ಸಾವಿರ ಮಂದಿ ಬರದಾರ, ಅಂಕಲ್ ಛಲೋ ನಕಲ್ ಮಾಡ್ತಾರ, ಆದ್ರ ಒರಿಜಿನಲ್ ದಮ್ ಇಲ್ಲಾ ಅಂತ. ಯಾರೂ ನಂಬಂಗಿಲ್ಲ ಅಂದಮ್ಯಾಲೆ ಕಂಪನಿಗೆ ತ್ರಾಸ ಇಲ್ಲ. ಎಷ್ಟ ಬೇಕಾದ್ರೂ ಕೂಗ್ರಿ ಅಂದಾರ.” ಆಮೇಲೆ ಟೇಬಲ್ ಒರೆಸುತ್ತಿದ್ದ ಧನರಾಜನಿಗೆ ಹೇಳಿದಳು, “ಮುಂದಿನ ಹಾಡಿಗೂ ನೀವು ಬರೂದ ಬ್ಯಾಡಂತ, ಧನರಾಜ ಅವ್ರ. ಕಂಪ್ಯೂಟರ್ ಮಾಡತೈತಿ.” ಅದನ್ನು ಹೇಳುವಾಗ ಅವಳು ನೀರಿನ ಲೋಟ ನೋಡುತ್ತಿದ್ದಳು.

ನನಗೆ ಮೈಯೆಲ್ಲ ಉರಿಯಿತು. “ಇವನ ಗಂಟಲಾ ಕಸ್ಕೊಂಡು ಇವನ್ನ ನಕಲಿ ಅಂತೀರಿ? ನಾಚಿಕಿ ಆಗಂಗಿಲ್ಲಾ?” ಎಂದು ಅವಳ ಮೇಲೆ ಹರಿಹಾಯ್ದೆ. ಬೈಯಬೇಕಾದದ್ದು ಅವಳನ್ನಲ್ಲ ಎಂದು ಗೊತ್ತಿತ್ತು. ಅವಳ ಕಣ್ಣು ತುಂಬಿತು.

ಧನರಾಜ ಟೇಬಲ್ ಒರೆಸುತ್ತಲೇ ಇದ್ದ. “ಇರ್ಲಿ ಬಿಡಿ ಸರ್. ನಮ್ಮ ಲಾವಣ್ಯಾನೂ ಅದನ್ನೇ ಹೇಳಿದ್ಳು. ಪಪ್ಪಾ, ಕಾಪಿ ಅಚ್ಛಾ ಕರ್ತೇ ಹೋ, ಪರ್ ಜಿಗ್ಗಿ ಜಿಗ್ಗಿ ಹೈ ಅಂತ.”

“ನೀ ಏನಂದಿ?”

“ಪ್ರಾಕ್ಟೀಸ್ ಮಾಡ್ತೇನೆ ಅಂದೆ.” ಬಟ್ಟೆ ಹಿಂಡಿ ಹೆಗಲ ಮೇಲೆ ಹಾಕಿಕೊಂಡು ಸ್ನೇಹಲ್‌ಳ ಕಡೆ ತಿರುಗಿದ. “ಎಂತ ತಿಂತೀರಿ ಮೇಡಂ? ಅಳುದು ಎಂತಕೆ? ಅವತ್ತಿನ ಮೈಸೂರ್ ಮಸಾಲಾ ಅಲ್ವಾ, ಬೆಣ್ಣೆ ಕಡಿಮೆ?” ಎರಡು ವರ್ಷದ ಹಿಂದಿನ ಆರ್ಡರ್ ಅದು. ಅವಳು ಹೌದೆಂದು ತಲೆಯಾಡಿಸಿದಳು.

ಅವನು ಕಿಂಡಿಯ ಮುಂದೆ ನಿಂತು ಕೂಗಿದ. ಕೊನೆಯ ಮಾತು ಎಳೆದು ಸುಮ್ಮನಾದ. ವಿಡಿಯೋ ನೋಡಿಯೇ ಬಂದಿದ್ದ ಎರಡು ಟೇಬಲಿನ ಹುಡುಗರು ಒಟ್ಟಿಗೆ “ಹೇಯ್” ಎಂದರು, ನಕ್ಕರು, ಚಪ್ಪಾಳೆ ತಟ್ಟಿದರು. ಧನರಾಜ ಅವರ ಕಡೆ ತಿರುಗಲಿಲ್ಲ. ಕಿಂಡಿಗೆ ಕಿವಿ ಕೊಟ್ಟು ನಿಂತೇ ಇದ್ದ. ಚಪ್ಪಾಳೆ ನಿಂತಿತು. ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು ಬಂತು, ಸೌಟು ಇಟ್ಟ ಸದ್ದು ಬಂತು. ಆಮೇಲೆ ಒಳಗಿನಿಂದ ಪ್ರಶಾಂತ ಭಟ್ಟರು, “ಆಯ್ತೂ ಧನ್ನಣ್ಣಾ” ಎಂದರು.

ಧನರಾಜ ಒಂಬತ್ತನೇ ಟೇಬಲಿಗೆ ಹೋದ.