ಚೆಲುವ ದೆವ್ವದ ಪುಸ್ತಕ

ಐವತ್ತರ ಹತ್ತಿರ ಬಂದ ಹೆಂಗಸು ಬಸ್ಸಿನಲ್ಲಿ ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿಕೊಂಡು ಓದುತ್ತಿದ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ? ಸಿದ್ದಾಪುರದಿಂದ ಗಂಗಾವತಿಯ ಕಚೇರಿಗೆ ಹೋಗುವಾಗ ನಾನು ಹಾಗೆ ಓದಿದೆ. ಇಲಾಖೆಯ ಪರೀಕ್ಷೆಗೆ ಓದುತ್ತಿದ್ದಾಳೆಂದು ಪಕ್ಕದವರು ಪಾಪ, ಸರಿದು ಜಾಗ ಕೊಡುತ್ತಿದ್ದರು. ಒಳಗಿದ್ದದ್ದು ದೆವ್ವದ ಪ್ರೇಮ.

ಪುಸ್ತಕ ಮಗಳು ಸುಮಾಳದು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು, ಕಾಲೇಜಿನ ಹುಡುಗಿಯರ ಕೈಯಿಂದ ಕೈಗೆ ಓಡಾಡಿ ಮೂಲೆಗಳೆಲ್ಲ ಮುದುಡಿದ್ದವು. "ನೀ ಓದಬ್ಯಾಡವಾ, ನಿನಗ ನಗು ಬರ್ತೈತಿ" ಅಂದಳು. ಬೇಡ ಅಂದದ್ದನ್ನು ಬಿಡುವ ಜಾತಿ ನನ್ನದಲ್ಲ. ಕತೆ ಇಷ್ಟೇ: ಹದಿನೇಳರ ಹುಡುಗಿ ಹೊಸ ಮನೆಗೆ ಬರುತ್ತಾಳೆ. ಅಲ್ಲಿ ಎಂದೋ ಸತ್ತ ಹುಡುಗನೊಬ್ಬನಿದ್ದಾನೆ, ಅವಳ ಕಣ್ಣಿಗೆ ಮಾತ್ರ ಕಾಣುತ್ತಾನೆ.

ನಗು ಬಂದದ್ದು ನಿಜ. ಆ ದೆವ್ವಕ್ಕೆ ನೀಲಿ ಕಣ್ಣು, ಇಸ್ತ್ರಿ ಮುರಿಯದ ಅಂಗಿ. ಊಟ ಬೇಡ, ನಿದ್ದೆ ಬೇಡ, ಹುಡುಗಿಯ ಮುಖ ನೋಡುತ್ತ ನಿಲ್ಲುವುದೊಂದೇ ಉದ್ಯೋಗ. ನಮ್ಮ ಕಡೆಯ ದೆವ್ವಗಳಿಗೆ ಇಷ್ಟು ಪುರುಸೊತ್ತಿಲ್ಲ. ಅವು ಹುಣಸೆಮರ ಬಿಟ್ಟು ಮೈಮೇಲೆ ಬಂದ ಕೂಡಲೇ ಹಿರಿಯರು "ಯಾರಾಕಿ ನೀ? ಯಾ ಊರಾಕಿ?" ಎಂದು ವಿಚಾರಣೆ ಶುರು ಮಾಡುತ್ತಾರೆ. ಅದೂ ಅಡ್ರೆಸ್ ಹೇಳಿ, ಒಂದು ಕೋಳಿ, ಒಂದು ಡಜನ್ ಹಸಿರು ಬಳೆ ಕೇಳಿ ದಾರಿ ಹಿಡಿಯುತ್ತದೆ. ಪ್ರೀತಿ ಮಾಡಿದ ದೆವ್ವದ ಸುದ್ದಿ ನಾನಂತೂ ಕೇಳಿಲ್ಲ. ನಮ್ಮ ಊರೂರಲ್ಲಿರುವ ವೀರಗಲ್ಲುಗಳನ್ನು ನೋಡಿ: ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಅವನೂ ಖುಷಿಯಿಂದ ಹೋಗುತ್ತಾನೆ. ಮನೆಯಲ್ಲಿ ಅಡುಗೆ ಮಾಡಿಕೊಂಡು ಕಾದವಳಿಗೆ ಆ ಕಲ್ಲಿನಲ್ಲಿ ಜಾಗವಿಲ್ಲ.

ಆದರೆ ಒಂದು ಪುಟ ನನ್ನನ್ನು ಹಿಡಿದುಬಿಟ್ಟಿತು. ಹುಡುಗಿ ಸಂಜೆ ಮನೆಗೆ ಬಂದು ಆ ದಿನ ನಡೆದ ಸಣ್ಣಪುಟ್ಟದ್ದನ್ನೆಲ್ಲ ಅವನಿಗೆ ಹೇಳುತ್ತಾಳೆ. ಅವನು ಕಿಟಕಿಯ ಹತ್ತಿರ ನಿಂತು ಕೇಳುತ್ತಾನೆ. ಅಷ್ಟೇ, ಮತ್ತೇನೂ ಆಗುವುದಿಲ್ಲ. "ಇಳೀರಿ ಅಕ್ಕಾರ, ಗಂಗಾವತಿ ಬಂದು ಭಾಳ ಹೊತ್ತಾತು" ಎಂದು ಕಂಡಕ್ಟರ್ ಹೇಳಿದಾಗ ಬಸ್ಸೆಲ್ಲ ಖಾಲಿಯಾಗಿತ್ತು. ನನಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು. ನನ್ನ ಗಂಡ ಹೋಗಿ ಕೆಲವು ವರ್ಷಗಳಾದವು. ಕಾಲುವೆಯ ಮೇಲೆ ನೀರು ಬಿಡುವ ಕೆಲಸ ಮಾಡುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಕಚೇರಿಯ ಜಗಳವೆಲ್ಲ ನಾನು ಹೇಳುತ್ತಿದ್ದರೆ "ಹೂಂ" ಎನ್ನುತ್ತಿದ್ದ. ಆ "ಹೂಂ" ಈಗ ಯಾರೂ ಅನ್ನುವುದಿಲ್ಲ. ಕನಸಿಗಾದರೂ ಬಾರದ ಪುಣ್ಯಾತ್ಮ.

ಪುಸ್ತಕ ಮುಗಿಯುವ ಹೊತ್ತಿಗೆ ಮಹಾಲಯ ಅಮಾವಾಸ್ಯೆ ಬಂತು. ಅಂದು ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಅವರ ಬಟ್ಟೆ ಪಕ್ಕದಲ್ಲಿಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಬಂದು ಉಣ್ಣಬೇಕಲ್ಲ. ಸ್ವಲ್ಪ ಹೊತ್ತು ಬಿಟ್ಟು ನಮ್ಮ ಅತ್ತೆ ಒಮ್ಮೆ ಕೆಮ್ಮಿ, ಬಾಗಿಲು ಬಡಿದು, ಆಮೇಲೆ ತೆಗೆಯುತ್ತಾರೆ. ಉಣ್ಣುವವರ ಮೇಲೆ ದಿಢೀರನೆ ನುಗ್ಗುವುದು ಮರ್ಯಾದೆಯಲ್ಲ.

ಹೋಳಿಗೆ, ಬದನೆಕಾಯಿ ಪಲ್ಯ, ಅವನ ಪ್ರಾಣವಾದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಎಲ್ಲ ಬಡಿಸಿದೆ. ಅವನ ಖಾಕಿ ಅಂಗಿ ಇಟ್ಟೆ. ಬಾಗಿಲು ಹಾಕಿ ಹೊರಗೆ ಕೂತಾಗ ಒಳಗೆ ತಾಟು ಸರಿದಂತೆ ಏನೋ ಸದ್ದಾಯಿತು. ಬೆಕ್ಕಿದ್ದೀತು, ಗಾಳಿ ಇದ್ದೀತು. ಪುಸ್ತಕದ ಹುಡುಗಿಗೆ ಕಂಡದ್ದು ನನಗೇಕೆ ಕಾಣಬಾರದು ಎನಿಸಿತು. ಕೆಮ್ಮಲಿಲ್ಲ, ಬಡಿಯಲಿಲ್ಲ. ಎದ್ದವಳೇ ಬಾಗಿಲು ದೂಡಿಬಿಟ್ಟೆ.

ಊದಿನಕಡ್ಡಿಯ ಹೊಗೆ. ಅಂಗಿ ಮಡಿಸಿಟ್ಟಂತೆಯೇ ಇತ್ತು. ಮಿರ್ಚಿ ಮುಟ್ಟಿರಲಿಲ್ಲ. ನನಗೆ ಅಳು ಬಂತು.

"ಹುಚ್ಚಿ ಅದಿಯೇನ?" ಅತ್ತೆ ಹಿಂದೆಯೇ ಬಂದರು. "ಮೊದಲ ನಾಚಿಗಿ ಸ್ವಭಾವದಂವ. ಹೊರಗಿನವರು ಬಂದ್ರ ತುತ್ತು ಬಿಟ್ಟು ಏಳತಿದ್ದ. ಹಿಂಗ ನುಗ್ಗಿದ್ರ ಉಪಾಸ ಎದ್ದು ಹೋಗಿರ್ತಾನ."

ಸುಮಾ ನಗಲೋ ಬೇಡವೋ ಎಂದು ನಿಂತಿದ್ದಳು. ನನಗೆ ಮಾತ್ರ, ಅವನು ಅರ್ಧ ಊಟಕ್ಕೆ ಎದ್ದು, ಕೈ ತೊಳೆಯದೆ, ಹಿತ್ತಲ ಬಾಗಿಲಿನಿಂದ ಗದ್ದೆಯ ಕಡೆ ಹೋದದ್ದು ಕಣ್ಣಿಗೆ ಕಟ್ಟಿತು. ಆ ನೀಲಿ ಕಣ್ಣಿನವನು ಉಪವಾಸವಿದ್ದಾನೆಂದು ಅಷ್ಟು ದಪ್ಪ ಪುಸ್ತಕದಲ್ಲಿ ಯಾರೂ ಕೊರಗಿರಲಿಲ್ಲ.

ಅತ್ತೆ ತಾಟಿಗೆ ಬಿಸಿ ಹೋಳಿಗೆಯೊಂದನ್ನು ಹಾಕಿ, ತುಪ್ಪ ಸುರಿದು, ನನ್ನನ್ನು ಹೊರಗೆ ಕರೆದುಕೊಂಡು ಬಂದು ಮತ್ತೆ ಬಾಗಿಲು ಹಾಕಿದರು. ಇಬ್ಬರೂ ಗೋಡೆಗೊರಗಿ ಕೂತೆವು. ಅತ್ತೆ ಸುಮಾಳಿಗೆ ಕೇಳಿಸದ ಹಾಗೆ ನನ್ನ ಕಡೆ ಬಾಗಿದರು.

"ಕಂಡ್ನೇನವಾ?"

"ಇಲ್ರೀ ಅತ್ತಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮುಂದಿನ ವರ್ಸ ನಾನೂ ಕೆಮ್ಮಲಾರದ ತಗೀತೀನಿ ತಡಿ," ಅಂದರು. "ನನ್ನ ಮುಂದ ಕುಂತು ಉಣ್ಣಾಕ ಅವಗೇನು ನಾಚಿಗಿ."